ನೆರಳೂ ಉಳಿಯಬಾರದು

ಹರಿಕೃಷ್ಣನ ಅಣ್ಣತಮ್ಮಂದಿರೆಲ್ಲ ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಕಾಲೂರಿದವರು. ಇವನೊಬ್ಬ ಮಾತ್ರ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಚಾಮರಾಜಪೇಟೆಯಲ್ಲಿ ಸ್ಟುಡಿಯೋ ತೆರೆದ. ಆ ಸ್ಟುಡಿಯೋದ ಅಟ್ಟದ ಮೇಲೆ, ಹಳೆಯ ಪರದೆಗಳನ್ನೂ ಮುರಿದ ಲೈಟ್ ಸ್ಟ್ಯಾಂಡುಗಳನ್ನೂ ಒತ್ತರಿಸಿ ಮಾಡಿಕೊಂಡ ಜಾಗದಲ್ಲಿ, ಅವನ ಅಕ್ಕನ ಮಗಳು ವಿನುತಾ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದಳು. ಓದಿದ್ದು ಇಂಜಿನಿಯರಿಂಗ್. ಒಂದು ಕಂಪನಿಯಲ್ಲಿ ಯಾರೋ ಬರೆದ ಬ್ಯಾಂಕಿನ ಸಾಫ್ಟ್‌ವೇರನ್ನು ತಿದ್ದಿ ತಿದ್ದಿ ಬೇಸತ್ತು, ಕೆಲಸ ಬಿಟ್ಟು ಬಂದು, ಮಾವನ ಕಸುಬಿಗೆ ಬೇಕಾದ ಪ್ಲಗಿನ್‌ಗಳನ್ನು ಬರೆಯತೊಡಗಿದ್ದಳು.

ಪ್ಲಗಿನ್ ಎಂದರೆ ಫೋಟೋಶಾಪಿನ ಒಳಗೆ ಕೂರಿಸುವ ಪುಟ್ಟ ಸಲಕರಣೆ. ದೊಡ್ಡ ಸಾಫ್ಟ್‌ವೇರಿಗೆ ತಾನಾಗಿ ಬಾರದ ಒಂದು ಕೆಲಸವನ್ನು ಅದು ಮಾಡಿಕೊಡುತ್ತದೆ. ವಿನುತಾಳ ಮೊದಲ ಪ್ಲಗಿನ್ ಪಾಸ್‌ಪೋರ್ಟ್ ಫೋಟೋದ ಹಿಂದಿನ ಗೋಡೆಯ ಬಣ್ಣ ಬದಲಿಸುತ್ತಿತ್ತು. ಎರಡನೆಯದಕ್ಕೆ ‘ತೆರವು’ ಎಂದು ಹೆಸರಿಟ್ಟಳು. ಮದುವೆ ಫೋಟೋದಲ್ಲಿ ಅಡ್ಡ ಬಂದ ವಿಡಿಯೋದವನ ವೈರು, ಬಕೆಟ್ ಹಿಡಿದು ಹಾದುಹೋದ ಬಡಿಸುವವನು, ಯಾರಿಗೂ ಬೇಡವಾದ ಪ್ಲಾಸ್ಟಿಕ್ ಕುರ್ಚಿ, ಯಾವುದರ ಸುತ್ತ ಗೆರೆ ಎಳೆದರೂ ಸಾಕು. ತೆರವು ಅದನ್ನು ಕತ್ತರಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದ ಗೋಡೆ, ಬಟ್ಟೆ, ಹೂವುಗಳಿಂದಲೇ ಚೂರುಗಳನ್ನು ಆಯ್ದು ತಂದು ಹೊಲಿದುಬಿಡುತ್ತಿತ್ತು. ಹೊಲಿಗೆ ಕಾಣುತ್ತಿರಲಿಲ್ಲ. 2005ರ ಹೊತ್ತಿಗೆ ಮಲ್ಲೇಶ್ವರದಿಂದ ಮೈಸೂರಿನವರೆಗೆ ಎಷ್ಟೋ ಸ್ಟುಡಿಯೋದವರು ಅದರ ಸಿ.ಡಿ. ಕೊಂಡು ಒಯ್ದಿದ್ದರು.

ಆ ವರ್ಷದ ಕಾರ್ತಿಕದಲ್ಲಿ ವಿಶ್ವಾರಾಧ್ಯ ಬಂದ. ಮೂವತ್ತೈದರ ಆಸುಪಾಸು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಷರಟು. ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರವಂತೆ. ಕೈಯಲ್ಲಿದ್ದ ಎರಡು ಚೀಲಗಳ ತುಂಬ ಆಲ್ಬಂ, ನೆಗೆಟಿವ್, ಸಿ.ಡಿ. ಎಲ್ಲವನ್ನೂ ಕೌಂಟರಿನ ಮೇಲೆ ಮೆಲ್ಲಗೆ ಜೋಡಿಸಿಟ್ಟು ಹೇಳಿದ:

“ನಮ್ಮನೆಯವರು ಆಷಾಢದಲ್ಲಿ ಲಿಂಗೈಕ್ಯರಾದ್ರು. ಅಮ್ಮ ದಿನಾ ಈ ಫೋಟೋಗಳನ್ನ ನೋಡಿ ಊಟಾನೇ ಬಿಟ್ಬಿಟ್ಟಿದ್ದಾರೆ. ಇದ್ರಿಂದೆಲ್ಲ ಆಕೇನ ತೆಗೆದ್ಕೊಡ್ಬೇಕು.”

ಹರಿಕೃಷ್ಣ ತಬ್ಬಿಬ್ಬಾದ. ಸತ್ತವರ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸುವವರನ್ನು ಕಂಡಿದ್ದನೇ ಹೊರತು, ತೆಗೆಸುವವರನ್ನು ಕಂಡಿರಲಿಲ್ಲ. “ಒಂದಾದ್ರೂ ಇರ್ಲಿ ಸ್ವಾಮಿ. ಮುಂದೆ ನಿಮ್ಗೇ ಬೇಕು ಅನ್ಸುತ್ತೆ.”

“ಒಂದೂ ಬೇಡ” ಎಂದ ವಿಶ್ವಾರಾಧ್ಯ, ಕರವಸ್ತ್ರದಿಂದ ಕಣ್ಣೊತ್ತಿಕೊಂಡು.

ಒಲ್ಲೆ ಎನ್ನಲು ಕಾರಣ ತೋಚಲಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ತಿದ್ದುವ ಕೆಲಸ ವಿನುತಾಳ ಮೇಲೆ ಬಿತ್ತು. ಹಾಗಾಗಿ ಶರಣ್ಯ ಎಂಬ ಆ ಹೆಂಗಸಿನ ಮುಖ ದಿನಗಟ್ಟಲೆ ಅವಳ ಕಣ್ಣೆದುರಿಗಿತ್ತು. ನಕ್ಕಾಗ ಒಂದರ ಮೇಲೊಂದು ಏರಿದ ಮುಂದಿನ ಹಲ್ಲು, ಬಲಗೆನ್ನೆಯ ಅಂಚಿನಲ್ಲಿ ಎಳ್ಳಿನಷ್ಟು ಮಚ್ಚೆ, ಫೋಟೋ ತೆಗೆಯುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವ ಅಭ್ಯಾಸ. ಗೆರೆ ಎಳೆ, ಒತ್ತು, ಕಾಯಿ. ಅವಳು ಹೋಗುತ್ತಿದ್ದಳು, ಗೋಡೆ ಬರುತ್ತಿತ್ತು. ಧಾರೆಯ ಫೋಟೋದಲ್ಲಿ ವಿಶ್ವಾರಾಧ್ಯನೊಬ್ಬನೇ ಮಂಟಪದಲ್ಲಿ ನಿಂತು ಏನೂ ಇಲ್ಲದ ಗಾಳಿಯತ್ತ ಕೈ ಚಾಚಿದ.

ಒಂದು ಫೋಟೋದ ಮುಂದೆ ಅವಳು ತಡೆದಳು. ದಸರಾ ಗೊಂಬೆಗಳ ಮುಂದೆ ಶರಣ್ಯ ದೀಪ ಹಚ್ಚುತ್ತಿದ್ದಾಳೆ. ಡಿಜಿಟಲ್ ಕ್ಯಾಮೆರಾದ ಫೋಟೋ. ತೆಗೆದ ದಿನಾಂಕ ಫೈಲಿನೊಳಗೇ ಇತ್ತು. ಹೋದ ತಿಂಗಳದು.

“ಮಾವ, ಆಷಾಢದಲ್ಲಿ ತೀರ್ಕೊಂಡೋರು ಈ ದಸರಾದಲ್ಲಿ ದೀಪ ಹೆಂಗ್ ಹಚ್ತಾರೆ?”

“ಕ್ಯಾಮೆರಾದಲ್ಲಿ ತಾರೀಖು ಯಾರು ಸರಿಯಾಗಿ ಇಡ್ತಾರೆ ಕಂದಾ? ಹೋದ ವರ್ಷದ್ದಿರ್ಬೇಕು” ಎಂದ ಹರಿಕೃಷ್ಣ. ನಿಜವೇ. ಅವರ ಸ್ಟುಡಿಯೋಗೆ ಬರುವ ಅರ್ಧಕ್ಕರ್ಧ ಕ್ಯಾಮೆರಾಗಳ ತಾರೀಖು ತಪ್ಪೇ ಇರುತ್ತಿತ್ತು. ವಿನುತಾ ಗೆರೆ ಎಳೆದಳು.

ಕೆಲಸ ನೋಡಲು ಬಂದ ವಿಶ್ವಾರಾಧ್ಯ ಅಟ್ಟ ಹತ್ತಿ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಒಂದೊಂದನ್ನೂ ನಿಧಾನವಾಗಿ ನೋಡಿದ. ಈಗ ಅವನ ಕಣ್ಣಲ್ಲಿ ನೀರಿರಲಿಲ್ಲ.

“ಇಲ್ಲಿ ನನ್ನ ಭುಜದ ಮೇಲೆ ಬೆರಳು ಉಳ್ಕೊಂಡಿದೆ ನೋಡಿ. ಇಲ್ಲಿ ಕನ್ನಡೀಲಿ ಆಕೆ ಸೀರೆ ಕಾಣ್ತಿದೆ. ಈ ಗೋಡೆ ಮೇಲೆ ನೆರಳಿದೆಯಲ್ಲ, ಅದು ಆಕೇದು. ನೆರಳೂ ಉಳೀಬಾರ್ದು.”

ವಿನುತಾಳ ಕಣ್ಣಿಗೇ ಬೀಳದ್ದು ಅವನಿಗೆ ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ ತಿದ್ದಿದ್ದಕ್ಕೆಲ್ಲ ದೊಡ್ಡ ಪ್ರಿಂಟ್ ಹಾಕಿಸಿಕೊಂಡು, ಮೂಲ ಫೈಲುಗಳನ್ನು ತನ್ನೆದುರಿಗೇ ಅಳಿಸಲು ಹೇಳಿದ. ನೆಗೆಟಿವ್‌ಗಳನ್ನೂ ಆಲ್ಬಂಗಳನ್ನೂ ಚೀಲಕ್ಕೆ ತುಂಬಿಕೊಂಡು, “ಇವನ್ನ ನಾನೇ ಹೊಳೆಗೆ ಬಿಡ್ತೀನಿ” ಎಂದ. ಇಳಿದು ಹೋಗುವಾಗ, ತಾನೊಬ್ಬನೇ ಇರುವ ಒಂದು ಫೋಟೋ ಆರಿಸಿ, ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿಕೊಂಡ. ಹೆಣ್ಣಿನ ಕಡೆಯವರಿಗೆ ಕಳಿಸುವಂಥ ಫೋಟೋ.

ಇದಾಗಿ ಕೆಲವು ದಿನಗಳಾಗಿರಬೇಕು. ಅಮ್ಮ ಹೇಳಿದ ಸೇವಂತಿಗೆ ತರಲು ವಿನುತಾ ಬೆಳಗ್ಗೆ ಗಾಂಧಿಬಜಾರಿಗೆ ಹೋಗಿದ್ದಳು. ಹೂವಿನವಳ ಮುಂದೆ ಬಗ್ಗಿ, “ಮೊಳ ಸರಿಯಾಗಿ ಹಾಕಮ್ಮ” ಎನ್ನುತ್ತಿದ್ದ ಹೆಂಗಸು ನಕ್ಕು ತಲೆಯೆತ್ತಿದಳು. ಒಂದರ ಮೇಲೊಂದು ಏರಿದ ಹಲ್ಲು. ಬಲಗೆನ್ನೆಯ ಅಂಚಿನಲ್ಲಿ ಎಳ್ಳಿನಷ್ಟು ಮಚ್ಚೆ.

ತೀರಿಕೊಂಡ ಶರಣ್ಯಳಿಗೆ ಅಕ್ಕತಂಗಿಯರಿರಬಹುದು, ಅವಳಿಜವಳಿ ಇರಬಹುದು ಎಂದೆಲ್ಲ ವಿನುತಾಳ ಮನಸ್ಸು ಸಮಾಧಾನ ಹೇಳುತ್ತಿರುವಾಗಲೇ ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನೀವು ಶರಣ್ಯ ಅಲ್ವಾ?”

“ಹೌದು. ನೀವ್ಯಾರು ಅಂತ ಗೊತ್ತಾಗ್ಲಿಲ್ಲ?”

“ನಾನು ಫೋಟೋ ಸ್ಟುಡಿಯೋದವ್ಳು. ನಿಮ್ಮ ಯಜಮಾನ್ರು ಆಲ್ಬಂ ತಂದಿದ್ರು.”

ಶರಣ್ಯಳ ಮುಖ ಅರಳಿತು. “ಅಯ್ಯೋ, ಅದಕ್ಕೇನಾ! ಗೆದ್ದಲು ಹಿಡೀತು, ಬೈಂಡಿಂಗಿಗೆ ಕೊಟ್ಟಿದೀನಿ ಅಂದ್ರು. ನಾನು ಕೇಳಿ ಕೇಳಿ ಸಾಕಾಗಿತ್ತು.” ಮಾತಿನ ಹುಡುಗಿ. ಅರಳೇಪೇಟೆಯ ಮನೆ ಬಿಟ್ಟು ಬ್ಯೂಗಲ್ ರಾಕ್ ಹಿಂದಿನ ಬೀದಿಗೆ ಬಂದು ಇನ್ನೂ ಎರಡು ತಿಂಗಳೂ ಆಗಿಲ್ಲವೆಂದೂ ಅಕ್ಕಪಕ್ಕದಲ್ಲಿ ಯಾರ ಪರಿಚಯವೂ ಇಲ್ಲವೆಂದೂ ಹೇಳಿದಳು. ಆಮೇಲೆ ದನಿ ತಗ್ಗಿಸಿ, “ಭಾನುವಾರ ಮುತ್ತತ್ತಿಗೆ ಕರ್ಕೊಂಡ್ ಹೋಗ್ತಾರಂತೆ, ನಾವಿಬ್ರೇ. ಮದುವೆಯಾದ್ಮೇಲೆ ಎಲ್ಲೂ ಹೋಗೇ ಇರ್ಲಿಲ್ಲ” ಎಂದು ನಾಚಿದಳು.

ಮುತ್ತತ್ತಿ. ಕಾವೇರಿಯ ಸುಳಿಗೆ ಸಿಕ್ಕಿ ಸತ್ತವರ ಸುದ್ದಿ ಪೇಪರಿನಲ್ಲಿ ಓದದೆ ಬೆಂಗಳೂರಿನವರ ಬೇಸಿಗೆ ಕಳೆಯುತ್ತಿರಲಿಲ್ಲ. ನಡುಬೀದಿಯಲ್ಲಿ ನಿಂತು, ಹೂವಿನ ಬುಟ್ಟಿ ಹಿಡಿದ ಹೆಂಗಸಿಗೆ, ನಿನ್ನ ಗಂಡನ ಪಾಲಿಗೆ ನೀನು ಸತ್ತಾಗಿದೆ ಎಂದು ಹೇಳುವುದು ಹೇಗೆ?

“ಸ್ಟುಡಿಯೋ ಇಲ್ಲೇ ಚಾಮರಾಜಪೇಟೆ. ಒಂದ್ಸಲ ಬಂದು ನೋಡ್ಬಿಡಿ. ಆಟೋದಲ್ಲಿ ಹೋಗ್ಬರೋಣ.”

ಅಟ್ಟದ ಮೇಲೆ ವಿನುತಾ ತಿದ್ದಿದ ಫೋಟೋಗಳನ್ನು ಒಂದೊಂದೇ ತೆರೆದಳು. ಶರಣ್ಯ ಮೊದಲು ನಕ್ಕಳು. “ನಾನೆಲ್ಲಿ?” ಎಂದಳು. ವಿನುತಾ ನಡೆದದ್ದೆಲ್ಲವನ್ನೂ ಹೇಳಿದಳು. ಆಷಾಢ, ಲಿಂಗೈಕ್ಯ, ಊಟ ಬಿಟ್ಟ ಅತ್ತೆ, ಎಲ್ಲವನ್ನೂ.

ಶರಣ್ಯ ದಡಕ್ಕನೆ ಎದ್ದಳು. “ಏನ್ರೀ ಮಾತಾಡ್ತಿದೀರ? ನಮ್ಮ ಯಜಮಾನ್ರು ಒಂದು ಗಟ್ಟಿ ಮಾತು ಆಡಿದೋರಲ್ಲ. ನೀವೇ ಏನೋ ತಪ್ಪು ತಿಳ್ಕೊಂಡು...”

ಅಷ್ಟರಲ್ಲಿ ಕೆಳಗೆ ಬಾಗಿಲು ಕಿರ್ರೆಂದಿತು. ಅಟ್ಟದ ಹಲಗೆಗಳ ಸಂದಿಯಿಂದ ಆ ಮೆದು ದನಿ ತೇಲಿ ಬಂತು.

“ನಮಸ್ಕಾರ ಹರಿಕೃಷ್ಣ ಅವ್ರೇ. ಇನ್ನೊಂದು ಫೋಟೋ ಸಿಕ್ತು, ಅಮ್ಮನ ಬೀರುವಿನಲ್ಲಿ. ಇದನ್ನೂ ಮಾಡ್ಕೊಟ್ಬಿಡಿ.”

“ಬನ್ನಿ ಸ್ವಾಮಿ. ಅಮ್ಮ ಈಗ ಹೇಗಿದಾರೆ?” ಹರಿಕೃಷ್ಣನಿಗೆ ಮೇಲೆ ಯಾರಿದ್ದಾರೆಂದು ಗೊತ್ತಿರಲಿಲ್ಲ; ಅವರು ಬರುವಾಗ ಅವನು ಒಳಕೋಣೆಯಲ್ಲಿ ಯಾರದೋ ಫೋಟೋ ತೆಗೆಯುತ್ತಿದ್ದ.

“ಪರವಾಗಿಲ್ಲ. ಆಕೆ ಹೋದ್ಮೇಲೆ ಮನೆ ಬಿಕೋ ಅಂತಿದೆ. ಏನ್ಮಾಡೋದು, ಆಯಸ್ಸು ಅಷ್ಟೇ ಇತ್ತು.”

ಶರಣ್ಯ ವಿನುತಾಳ ಮಣಿಕಟ್ಟನ್ನು ಹಿಡಿದಳು. ಬಳೆ ಸದ್ದು ಮಾಡೀತೆಂದು ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡು, ತನ್ನ ಸಾವಿನ ಸುದ್ದಿಯನ್ನು ಗಂಡನ ಬಾಯಿಂದ ಕೇಳಿದಳು. ಕೆಳಗೆ ಮೆಟ್ಟಿಲ ಬುಡದಲ್ಲಿ ಹೆಜ್ಜೆ ನಿಂತಿತು.

“ಮೇಡಂ ಮೇಲಿದಾರಾ?”

“ಹೂವಿಗೆ ಅಂತ ಗಾಂಧಿಬಜಾರಿಗೆ ಹೋದ್ಲು. ಇನ್ನೂ ಬಂದಂಗಿಲ್ಲ.”

ಹೆಜ್ಜೆ ಕೆಲಹೊತ್ತು ಅಲ್ಲೇ ಇತ್ತು. ಆಮೇಲೆ ಹಿಂದಿರುಗಿತು. ಬಾಗಿಲು ಮುಚ್ಚಿಕೊಂಡಿತು. ಶರಣ್ಯ ಹಿಡಿದ ಕಡೆ ವಿನುತಾಳ ಕೈ ಕೆಂಪಾಗಿತ್ತು.

“ಚಿಕ್ಕಮ್ಮ ಇದಾರೆ, ವೈಯಾಲಿಕಾವಲ್‌ನಲ್ಲಿ” ಎಂದಳು ಶರಣ್ಯ ಕೊನೆಗೆ. “ನನ್ನ ಅಲ್ಲಿಗೆ ಕರ್ಕೊಂಡ್ ಹೋಗಿ. ಮನೆಗೆ ಹೋಗಲ್ಲ.”

ಚಿಕ್ಕಮ್ಮ ಕಮಲಮ್ಮ ಗಟ್ಟಿ ಹೆಂಗಸು. ಕಥೆ ಕೇಳಿ ಒಂದು ಲೋಟ ನೀರು ಕುಡಿದು, ಸೀದಾ ಪೊಲೀಸ್ ಠಾಣೆಗೆ ನಡೆದರು. ಇನ್ಸ್‌ಪೆಕ್ಟರ್ ಸಮಾಧಾನದಿಂದಲೇ ಕೇಳಿಸಿಕೊಂಡರು. “ಫೋಟೋದಿಂದ ಹೆಂಡ್ತೀನ ತೆಗೆಸೋದು ಅಪರಾಧ ಅಲ್ಲಮ್ಮ. ಮುತ್ತತ್ತಿಗೆ ಕರ್ಕೊಂಡ್ ಹೋಗ್ತೀನಿ ಅನ್ನೋದೂ ಅಲ್ಲ. ಈಗ ನಾನು ಏನಂತ ಬರ್ಕೊಳ್ಳಲಿ?” ಆದರೂ ಶರಣ್ಯಳ ಬಟ್ಟೆಬರೆ, ಸರ್ಟಿಫಿಕೇಟುಗಳನ್ನು ತರಲೆಂದು ಸಿದ್ದಬಸಪ್ಪ ಎಂಬ ಹೆಡ್ ಕಾನ್‌ಸ್ಟೇಬಲನ್ನು ಜೊತೆಗೆ ಕೊಟ್ಟರು. ಮಾರನೆಯ ದಿನ ಹೊರಡುವ ಮುನ್ನ ವಿನುತಾ ಸ್ಟುಡಿಯೋಗೆ ಹೋಗಿ ಒಂದು ಲಕೋಟೆ ತಂದಳು.

ಬಾಗಿಲು ತೆರೆದದ್ದು ವಿಶ್ವಾರಾಧ್ಯನ ತಾಯಿ ದಾಕ್ಷಾಯಣಮ್ಮ. ಊಟ ಬಿಟ್ಟವರ ಹಾಗೇನೂ ಕಾಣಲಿಲ್ಲ. ಸೊಸೆಯನ್ನು ನೋಡಿದರು, ಪೊಲೀಸನ್ನು ನೋಡಿದರು, ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ಸೊಸೇನಾ? ಯಾರಪ್ಪಾ ಸೊಸೆ? ನನ್ನ ಮಗಂಗಿನ್ನೂ ಮದುವೇನೇ ಆಗಿಲ್ಲ. ಇವ್ಳು ದೂರದ ನೆಂಟ್ರ ಹುಡ್ಗಿ, ಮನೆಕೆಲ್ಸಕ್ಕೆ ಅಂತ ಇಟ್ಕೊಂಡಿದ್ವಿ. ಬನ್ನಿ, ಬೇಕಾದ್ರೆ ನೋಡಿ.”

ಹಿಂದಿನ ದಿನ ಶರಣ್ಯ ಹೂವಿಗೆ ಹೊರಟಾಗ ಬೋಳಾಗಿದ್ದ ನಡುಮನೆಯ ಗೋಡೆಯ ತುಂಬ ಈಗ ಕಟ್ಟು ಹಾಕಿಸಿದ ಫೋಟೋಗಳು. ತಾಯಿ, ಮಗ. ಮಗ, ನೆಂಟರು. ಹಬ್ಬದ ದಿನ ಗೊಂಬೆಗಳ ಮುಂದೆ ಉರಿಯುವ ದೀಪ, ಹಚ್ಚಿದವರಿಲ್ಲ. ಎಲ್ಲವೂ ವಿನುತಾಳದೇ ಕೈಕೆಲಸ. ಎಲ್ಲಿಯೂ ಹೊಲಿಗೆ ಕಾಣುತ್ತಿರಲಿಲ್ಲ. ಕಮಲಮ್ಮ, “ಅಯ್ಯೋ ಪಾಪಿ! ನಾನೇ ನಿಂತು ಮದುವೆ ಮಾಡಿಸಿಲ್ವಾ?” ಎಂದು ಕೂಗಾಡಿದರು. ಸಿದ್ದಬಸಪ್ಪ ಗೋಡೆಯನ್ನೊಮ್ಮೆ ಶರಣ್ಯಳನ್ನೊಮ್ಮೆ ನೋಡಿದ. ಅವನ ಕಣ್ಣಲ್ಲಿ ಅನುಮಾನ ಮೂಡುತ್ತಿರುವುದು ವಿನುತಾಳಿಗೆ ಕಂಡಿತು. ಶರಣ್ಯಳೂ ಗೋಡೆಯನ್ನೇ ನೋಡುತ್ತಿದ್ದಳು, ತನಗೇ ತಾನು ಅನುಮಾನವಾದವಳಂತೆ.

ವಿನುತಾ ಲಕೋಟೆ ಬಿಚ್ಚಿದಳು. ಪ್ಲಗಿನ್ ಎಲ್ಲಿ ಎಡವುತ್ತದೆಂದು ಆಮೇಲೆ ಪರೀಕ್ಷಿಸಲಿಕ್ಕಾಗಿ, ಕತ್ತರಿಸಿ ತೆಗೆದ ಪ್ರತಿಯೊಂದು ತುಂಡನ್ನೂ ಬೇರೆ ಜಾಗದಲ್ಲಿ ಉಳಿಸಿಕೊಳ್ಳುವಂತೆ ಅವಳು ಬರೆದಿದ್ದಳು. ವಿಶ್ವಾರಾಧ್ಯನ ಎದುರು ಅಳಿಸಿದ್ದು ಮೂಲ ಫೋಟೋಗಳನ್ನು ಮಾತ್ರ. ತುಂಡುಗಳ ನೆನಪು ಆಗ ಅವಳಿಗೇ ಇರಲಿಲ್ಲ. ಈಗ ಅವುಗಳನ್ನು, ತಾನು ವಿಶ್ವಾರಾಧ್ಯನಿಗೆ ಕೊಟ್ಟಿದ್ದ ಪ್ರಿಂಟುಗಳ ಅಳತೆಗೇ ಪ್ರಿಂಟ್ ಹಾಕಿ, ಕತ್ತರಿಯಲ್ಲಿ ಕತ್ತರಿಸಿ ತಂದಿದ್ದಳು. ಧಾರೆಯ ಫೋಟೋವನ್ನು ಗೋಡೆಯಿಂದ ಇಳಿಸಿ, ಗಾಜಿನ ಮೇಲೆ ಒಂದು ತುಂಡು ಇಟ್ಟಳು. ಚಾಚಿದ ಕೈಯೊಳಗೆ ಶರಣ್ಯಳ ಕೈ ಕೂದಲೆಳೆಯ ಅಂತರವಿಲ್ಲದೆ ಕೂತುಕೊಂಡಿತು.

“ಇನ್ನೊಂದು ಇಡಮ್ಮ” ಎಂದ ಸಿದ್ದಬಸಪ್ಪ.

ದಸರಾ ಫೋಟೋದಲ್ಲಿ ಗೊಂಬೆಗಳ ಮುಂದೆ ಶರಣ್ಯ ಬಂದು ಕೂತಳು. ಭುಜದ ಮೇಲೆ ಬೆರಳು ಬಂದವು. ಗೋಡೆಯ ಮೇಲೆ ನೆರಳು ಬಂತು. ಸಿದ್ದಬಸಪ್ಪ ಟೋಪಿ ಸರಿಮಾಡಿಕೊಂಡು, “ನಡೀರಮ್ಮ, ನಿಮ್ಮ ಸಾಮಾನು ಎಲ್ಲೆಲ್ಲಿದೆ ತೋರ್ಸಿ” ಎಂದು ಶರಣ್ಯಳ ಹಿಂದೆ ಒಳಗೆ ಹೋದ. ದಾಕ್ಷಾಯಣಮ್ಮ ಎಲೆಯಡಿಕೆ ಪೆಟ್ಟಿಗೆ ಹತ್ತಿರಕ್ಕೆಳೆದುಕೊಂಡರು.

ಅವರು ಹೊರಬರುವಷ್ಟರಲ್ಲಿ ವಿಶ್ವಾರಾಧ್ಯ ಗೇಟಿನ ಹತ್ತಿರ ನಿಂತಿದ್ದ. ಹೆಂಡತಿಯತ್ತ ತಿರುಗಿಯೂ ನೋಡಲಿಲ್ಲ. ಅವಳಿದ್ದ ಜಾಗದಲ್ಲಿ ಏನೂ ಇಲ್ಲವೆಂಬಂತೆ ದಾಟಿ ಬಂದು, ವಿನುತಾಳ ಮುಂದೆ ನಿಂತು, ಅವಳ ಕೈಯಲ್ಲಿದ್ದ ತುಂಡುಗಳನ್ನು ನೋಡಿ ಮೆಲ್ಲಗೆ ಹೇಳಿದ:

“ಕೆಲ್ಸ ಚೆನ್ನಾಗ್ ಮಾಡಿದ್ರಿ ಮೇಡಂ. ತುಂಡುಗಳನ್ನ ಇಟ್ಕೋಬಾರ್ದಿತ್ತು.”

ಶರಣ್ಯ ಆ ವಾರವೇ ದಾವಣಗೆರೆಗೆ, ಅಣ್ಣನ ಮನೆಗೆ ಹೊರಟುಹೋದಳು. ಅಲ್ಲಿ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕಮಲಮ್ಮ ಫೋನ್ ಮಾಡಿ ತಿಳಿಸಿದರು. ವಿಶ್ವಾರಾಧ್ಯನ ಮೇಲೆ ಯಾವ ಕೇಸೂ ನಿಲ್ಲಲಿಲ್ಲ. ಬ್ಯೂಗಲ್ ರಾಕ್ ಹಿಂದಿನ ಮನೆಗೆ ಬೀಗ ಬಿತ್ತು, ಅಂಗಡಿಯೂ ಕೈ ಬದಲಾಯಿತು. ತಾಯಿಮಗ ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಾಗಲಿಲ್ಲ.

ವಿನುತಾ ತೆರವನ್ನು ತಿದ್ದಿದಳು. ಹೊಸ ಆವೃತ್ತಿ ಮೂಲ ಫೋಟೋವನ್ನು ಅಳಿಸಲು ಬಿಡುತ್ತಿರಲಿಲ್ಲ. ತೆಗೆದ ಪ್ರತಿಯೊಂದನ್ನೂ ಜೋಪಾನ ಮಾಡುತ್ತಿತ್ತು. ಹಳೆಯದನ್ನು ಕೊಂಡವರಿಗೆಲ್ಲ ಹೊಸ ಸಿ.ಡಿ.ಯನ್ನು ಪುಕ್ಕಟೆ ಕಳಿಸಿ, ಹಳೆಯದನ್ನು ಮುರಿದು ಹಾಕಿ ಎಂದು ಬೇಡಿಕೊಂಡಳು. ಕೆಲವರು ಹೂಂ ಎಂದರು, ಕೆಲವರು ನಕ್ಕರು. ಅಷ್ಟರಲ್ಲಾಗಲೇ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಅದರ ಕಳ್ಳಪ್ರತಿಗಳು ಸಿಗುತ್ತಿದ್ದವು.

ಮುಂದಿನ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಮಲ್ಲೇಶ್ವರದ ಸ್ಟುಡಿಯೋ ಒಂದರಿಂದ ಗೋಕುಲ್ ಎಂಬ ಹುಡುಗ ಫೋನ್ ಮಾಡಿದ.

“ಮೇಡಂ, ಹೊಸ ವರ್ಷನ್ ಹಾಕ್ಕೊಂಡ್ಮೇಲೆ ಒಬ್ರು ಕಸ್ಟಮರ್ ಒಪ್ತಾನೇ ಇಲ್ಲ. ಹಳೇದ್ರಲ್ಲೇ ಮಾಡಿ, ತುಂಡು ಎಲ್ಲಿ ಉಳಿಯುತ್ತೆ ತೋರ್ಸಿ, ನಾನೇ ಅಳಿಸ್ತೀನಿ ಅಂತಾರೆ. ಅದು ಎಲ್ಲಿರುತ್ತೆ ಅಂತ ಹೇಳ್ತೀರಾ?”

ವಿನುತಾ ಕುರ್ಚಿಯಿಂದ ಎದ್ದಳು. “ಅವ್ರು ಎಲ್ಲಿದಾರೆ?”

“ಇಲ್ಲೇ ಕೂತಿದಾರೆ ಮೇಡಂ. ಪಾಪ, ಹೆಂಡ್ತಿ ತೀರ್ಕೊಂಡಿದಾರಂತೆ.”

“ಗೋಕುಲ್, ಫೋಟೋಗಳನ್ನ ವಾಪಸ್ ಕೊಡ್ಬೇಡಿ. ಏನಾದ್ರೂ ಹೇಳಿ ಕೂರ್ಸಿ. ಬರ್ತಿದೀನಿ” ಎಂದು ಫೋನ್ ಇಟ್ಟು, ಮಾವನನ್ನು ಕೂಗುತ್ತ ವಿನುತಾ ಮೆಟ್ಟಿಲಿಳಿದಳು.