ಒಂದು ದೋಣಿ, ಮೂರು ಟನ್ನು

ಹಾಸಿಗೆ ಹೊಲಿಯುವುದು ಅವಳ ಕಸುಬು. ಬಂದರಿಗೆ ಇಳಿಯುವ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವಿನ ಉದ್ದನೆಯ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹತ್ತಿ ತುಂಬುತ್ತಾ, ಸ್ಪಂಜು ಕತ್ತರಿಸುತ್ತಾ, ಗೇಣುದ್ದದ ಸೂಜಿಯಲ್ಲಿ ಹೊಲಿಗೆ ಹಾಕುತ್ತಾ ಬಂದವಳು. ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿರದ ದಿನ ಅವಳನ್ನು ಕಂಡವರೇ ಕಡಿಮೆ. ಅಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಹಾಯಿದೋಣಿ ಕೊಂಡಳು ಎಂದಾಗ ಬೀದಿಯವರೆಲ್ಲ ಕಿವಿ ನಿಮಿರಿಸಿದರು.

ಆದದ್ದು ಹೀಗೆ. ಒಬ್ಬ ಹಲ್ಲಿನ ಡಾಕ್ಟರು ತಮ್ಮ ಹಳೆಯ ದೋಣಿಗೆ ಮೆತ್ತೆ ಹೊಲಿಸಲು ಅವಳನ್ನು ಕರೆಸಿದ್ದರು. ದೋಣಿಯ ಹೊಟ್ಟೆಯೊಳಗೆ ಎರಡು ಮಲಗುವ ಹಲಗೆ, ಒಂದು ಪುಟ್ಟ ಒಲೆ, ಮಡಚುವ ಮೇಜು. ಅವಳು ಮೂಲೆಮೂಲೆಯ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡು, ಮೆತ್ತೆ ಹೊಲಿದು ತಂದು ಹಾಸಿ, ಸರಿಯಾಗಿ ಕೂತಿದೆಯೋ ಇಲ್ಲವೋ ನೋಡೋಣವೆಂದು ಮೇಲೆ ಒರಗಿದಳು. ಹಲಗೆಯ ಆಚೆ ನೀರು ಬೆರಳಿನಿಂದ ತಟ್ಟಿದ ಹಾಗೆ ಟಪ್ ಟಪ್ ಎನ್ನುತ್ತಿತ್ತು. ಕಣ್ಣು ಬಿಟ್ಟಾಗ ಎರಡು ಗಂಟೆ ಕಳೆದಿತ್ತು. ಡಾಕ್ಟರು ಹೊರಗೆ ಬಿಸ್ಕತ್ತು ತಿನ್ನುತ್ತಾ ಕೂತಿದ್ದರು. ತಮ್ಮ ಮೊಣಕಾಲು ಮಾತು ಕೇಳುತ್ತಿಲ್ಲ, ದೋಣಿಯನ್ನು ಯಾರಿಗಾದರೂ ಒಪ್ಪಿಸಿಬಿಡಬೇಕು ಎಂದರು. ನಿದ್ದೆಗಣ್ಣಿನಲ್ಲಿ ಅವಳು ಹೂಂ ಅಂದುಬಿಟ್ಟಳು.

ಸುದ್ದಿ ತಿಳಿದ ಮರುದಿನವೇ ಅವಳ ಅಕ್ಕ ಅಂಗಡಿಗೆ ಓಡಿ ಬಂದಳು. ಬೈಯಲು ಬಂದಿದ್ದಾಳೆ ಅಂದುಕೊಂಡರೆ, ಬಂದದ್ದು ಬೇಡಿಕೊಳ್ಳಲು.

"ನಿನ್ನ ಭಾವನ್ನೂ ಸೇರಿಸ್ಕೋ ಕಣೇ. ವಾರಕ್ಕೆ ನಾಲ್ಕು ದಿನ ಅವರನ್ನ ನೀರಿನ ಮೇಲೆ ಇಟ್ಕೋ. ನಿನಗೆ ಪುಣ್ಯ ಬರುತ್ತೆ."

ಅಕ್ಕನ ಸಂಕಟಕ್ಕೂ ಅರ್ಥವಿತ್ತು. ಭಾವ ಮೂವತ್ತೈದು ವರ್ಷ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಕೂತಿದ್ದವರು. ಆ ತೂಕದ ಕಟ್ಟೆಗೆ ಲಾರಿಯವರೆಲ್ಲ ಕಾಟಾ ಅನ್ನುತ್ತಿದ್ದರು, ಅದರಿಂದ ಭಾವನಿಗೆ 'ಕಾಟಾ ಸಾಹೇಬರು' ಎಂಬ ಹೆಸರು ಅಂಟಿತ್ತು. ಅಕ್ಕ ಮಾತ್ರ ಕೊನೆಯ ದೀರ್ಘ ತೆಗೆದು ಬರೀ ಕಾಟ ಎನ್ನುತ್ತಿದ್ದಳು. ನಿವೃತ್ತರಾದ ಮೇಲೆ ಮನೆಗೊಂದು ತಕ್ಕಡಿ ತಂದಿಟ್ಟುಕೊಂಡು ತರಕಾರಿ ತೂಗಿದರು, ಹಳೆಯ ಪೇಪರು ತೂಗಿದರು, ಬೆಕ್ಕನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ತೂಗಿದರು. ಬೆಕ್ಕು ಪಕ್ಕದ ಮನೆ ಸೇರಿಕೊಂಡಿತು. ಅಕ್ಕನಿಗೆ ಹೋಗಲು ಅಂಥ ಮನೆ ಇರಲಿಲ್ಲ.

ಹೀಗೆ ದೋಣಿಗೆ ಇಬ್ಬರು ಒಡೆಯರಾದರು. ಮೊದಲ ಕೆಲಸ ನೋಂದಣಿ. ಭಾವ ಕನ್ನಡಕ ಒರೆಸಿಕೊಂಡು, ಡಾಕ್ಟರು ಕೊಟ್ಟ ಹಳೆಯ ಕಾಗದಗಳನ್ನು ಹಾಸಿಗೆ ಅಂಗಡಿಯ ಮೇಜಿನ ಮೇಲೆ ಹರಡಿದರು. ಅದರಲ್ಲಿ ಮೂರು ಅಂಕಿ ಇದ್ದವು. ಗ್ರಾಸ್ ಟನ್ನೇಜ್ ನಾಲ್ಕು ಪಾಯಿಂಟ್ ಎಂಟು. ನೆಟ್ ಟನ್ನೇಜ್ ನಾಲ್ಕು ಪಾಯಿಂಟ್ ಮೂರು. ಡಿಸ್‌ಪ್ಲೇಸ್‌ಮೆಂಟ್ ಮೂರು ಪಾಯಿಂಟ್ ನಾಲ್ಕು ಟನ್.

ಭಾವನ ಮುಖ ಗಂಟಿಕ್ಕಿತು. ಗ್ರಾಸು, ನೆಟ್ಟು ಅವರಿಗೆ ಉಸಿರಾಟದಷ್ಟು ಪರಿಚಯದ ಮಾತುಗಳು. ತುಂಬಿದ ಲಾರಿಯ ತೂಕ ಗ್ರಾಸ್. ಅದರಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಉಳಿಯುವ ಸರಕು ನೆಟ್. ಆ ಲೆಕ್ಕದಲ್ಲಿ ಖಾಲಿ ದೋಣಿ ಬರೀ ಅರ್ಧ ಟನ್ ತೂಗಬೇಕು. ಹಾಗಿದ್ದರೆ ಈ ಮೂರು ಪಾಯಿಂಟ್ ನಾಲ್ಕು ಎಲ್ಲಿಂದ ಬಂತು? ಹಲ್ಲು ಕೀಳುವವರಿಗೆ ತೂಕ ಬರೆಯಲು ಬಿಟ್ಟರೆ ಇನ್ನೇನಾಗುತ್ತದೆ ಎಂದು ಡಾಕ್ಟರನ್ನು ಬೈದುಕೊಂಡೇ ಅವರು ನಾದಿನಿಯನ್ನು ಹೊರಡಿಸಿ ನೋಂದಣಿ ಕಚೇರಿಗೆ ಹೋದರು.

ಕಚೇರಿಯ ಕೌಂಟರಿನಲ್ಲಿದ್ದ ಗುಮಾಸ್ತೆ ಎಳೆವಯಸ್ಸಿನವಳಾದರೂ ತಾಳ್ಮೆಯಲ್ಲಿ ಅಜ್ಜಿಯಂತಿದ್ದಳು. ಕಾಗದ ಸರಿಯಾಗಿಯೇ ಇದೆ ಎಂದಳು. ಟನ್ನೇಜ್ ಅಂದರೆ ತೂಕವಲ್ಲ, ಜಾಗ. ಹಿಂದಿನ ಕಾಲದಲ್ಲಿ ಹಡಗಿನ ಹೊಟ್ಟೆಯಲ್ಲಿ ಎಷ್ಟು ಪೀಪಾಯಿ ಹಿಡಿಯುತ್ತವೆ ಎಂದು ಎಣಿಸುತ್ತಿದ್ದರಂತೆ, ಆ ಪೀಪಾಯಿಯ ಹೆಸರೇ ಟನ್ ಎಂದು ಉಳಿದುಕೊಂಡಿತಂತೆ. ಈಗ ಸುಮಾರು ನೂರು ಘನ ಅಡಿ ಜಾಗಕ್ಕೆ ಒಂದು ಟನ್ ಎಂದು ಲೆಕ್ಕ. ದೋಣಿಯ ಒಟ್ಟು ಒಳಜಾಗ ಗ್ರಾಸ್, ಅದರಲ್ಲಿ ಎಂಜಿನ್ನು ಗಿಂಜಿನ್ನಿಗೆ ಹೋಗುವ ಜಾಗ ಕಳೆದರೆ ನೆಟ್. ಡಿಸ್‌ಪ್ಲೇಸ್‌ಮೆಂಟ್ ಒಂದೇ ನಿಜವಾದ ತೂಕ, ದೋಣಿ ತಾನು ತೂಗುವಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತದೆ.

ಭಾವ ಅಷ್ಟನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು: "ನೋಡಮ್ಮಾ, ಟನ್ ಅಂದ್ರೆ ಸಾವಿರ ಕೆಜಿ. ನಿನ್ನೆ ಸಾವಿರ ಕೆಜಿ, ಇವತ್ತೂ ಸಾವಿರ ಕೆಜಿ."

ಗುಮಾಸ್ತೆ ಇನ್ನೊಂದು ವಿಷಯ ಹೇಳಿ ಕೈ ಮುಗಿದಳು. ಕಾಗದ ತೀರಾ ಹಳೆಯದಾದ್ದರಿಂದ ಅಳತೆಯವರು ಬಂದು ದೋಣಿಯನ್ನು ಹೊಸದಾಗಿ ಅಳೆಯುತ್ತಾರೆ. ಗ್ರಾಸ್ ಐದು ಟನ್ ದಾಟಿದರೆ ದೊಡ್ಡ ಪುಸ್ತಕದಲ್ಲಿ ಹೆಸರು ಸಮೇತ ದಾಖಲಾಗುತ್ತದೆ, ಮೊಹರು ಹಾಕಿದ ಪ್ರಮಾಣಪತ್ರ ಸಿಗುತ್ತದೆ. ದಾಟದಿದ್ದರೆ ಚಿಕ್ಕ ಪುಸ್ತಕ, ಬರೀ ನಂಬರು.

ಅಲ್ಲಿಗೆ ಭಾವನ ತಲೆಯೊಳಗೆ ಹುಳ ಹೊಕ್ಕಿತು. ದೋಣಿಗೆ 'ಮಹಾಗಜ' ಎಂದು ಹೆಸರಿಡುತ್ತೇನೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತೇನೆ ಎಂದು ಸಂಜೆ ವಾಕಿಂಗಿನ ಗೆಳೆಯರಿಗೆಲ್ಲ ಆಗಲೇ ಸಾರಿಬಿಟ್ಟಿದ್ದರು. ಈಗ ಎಲ್ಲ ನಿಂತದ್ದು ಪಾಯಿಂಟ್ ಎರಡು ಟನ್ನಿನ ಮೇಲೆ.

"ಬರೀ ಇನ್ನೂರು ಕೆಜಿ ಕಮ್ಮಿ," ಎಂದು ಗೊಣಗಿಕೊಂಡರು.

ಅವಳಿಗೆ ವಿಷಯ ಕೌಂಟರಿನಲ್ಲೇ ಅರ್ಥವಾಗಿತ್ತು. ಜಾಗ ಬೇರೆ, ತೂಕ ಬೇರೆ ಎನ್ನುವುದನ್ನು ಹಾಸಿಗೆಯವಳಿಗೆ ಹೇಳಿಕೊಡಬೇಕೇ? ಅಂಗಡಿಗೆ ಬಂದವಳೇ ಒಂದು ಚೀಲದ ತುಂಬ ಹಿಂಜಿದ ಹತ್ತಿ, ಅಷ್ಟೇ ದೊಡ್ಡ ಇನ್ನೊಂದು ಚೀಲದ ತುಂಬ ಬಟ್ಟೆ ಚಿಂದಿ ತುಂಬಿ ಭಾವನ ಮುಂದಿಟ್ಟಳು. ಎರಡೂ ಒಂದೇ ಗಾತ್ರ, ಎತ್ತಿ ನೋಡಿ ಎಂದಳು. ಭಾವ ಎತ್ತಿ ನೋಡಿದರು. ಹತ್ತಿ ಒಂದೂವರೆ ಕೆಜಿ, ಚಿಂದಿ ಆರು ಕೆಜಿ ನೂರು ಗ್ರಾಂ ಎಂದು ಕೈ ಅಂದಾಜಿನಲ್ಲೇ ಕರಾರುವಾಕ್ಕಾಗಿ ಹೇಳಿದರು. ಆದರೆ ಎರಡೂ ಚೀಲ ಒಂದೇ ಟನ್ನೇಜ್ ಅಂತ ಅವಳು ಅಂದಿದ್ದೇ ತಡ, ಅವರ ಮೀಸೆ ಕುಣಿಯಿತು.

"ಸೂಜಿ ಹಿಡಿಯೋ ಕೈಗೆ ಟನ್ನಿನ ವಿಷಯ ಯಾಕಮ್ಮಾ? ನಾನು ಒಂದು ದಿನಕ್ಕೆ ಎಂಬತ್ತು ಲಾರಿ ತೂಗಿದವನು."

ಮರುದಿನ ಮತ್ತೆ ಹೇಳಿ ನೋಡಿದಳು, ಅದೇ ಉತ್ತರ. ಮೂರನೆಯ ದಿನ ಅವಳು ಬಾಯಿ ತೆರೆಯುವ ಮೊದಲೇ ಭಾವ ಕೈ ಅಡ್ಡ ಹಿಡಿದು, ಹತ್ತು ಗಟ್ಟಿ ಚೀಲ ಹೊಲಿದುಕೊಡಬೇಕೆಂದು ಕೇಳಿದರು. ಯಾತಕ್ಕೆ ಎಂದು ಕೇಳಿದಳು. ಮರಳು ತುಂಬಲು ಎಂದರು. ಅಳತೆಯವರು ಬರುವ ಮುಂಚೆ ಇಪ್ಪತ್ತೈದು ಕೆಜಿಯ ಎಂಟು ಮೂಟೆ ದೋಣಿಯ ತಳದ ಹಲಗೆಯ ಕೆಳಗೆ ಸೇರಿಸಿಬಿಟ್ಟರೆ ಸರಿಯಾಗಿ ಇನ್ನೂರು ಕೆಜಿ. ಇನ್ನೆರಡು ಮುನ್ನೆಚ್ಚರಿಕೆಗೆ.

ಅವಳು ಭಾವನ ಮುಖ ನೋಡಿದಳು. ಬೇಡ ಅನ್ನುವ ಮಾತು ನಾಲಗೆಯ ತುದಿಗೆ ಬಂದು, ಸೂಜಿ ಹಿಡಿಯುವ ಕೈ ನೆನಪಾಗಿ, ಹಾಗೆಯೇ ಒಳಗೆ ಹೋಯಿತು. ಹಾಸಿಗೆಯ ನೀಲಿ ಪಟ್ಟೆ ಬಟ್ಟೆ ತೆಗೆದು ಹತ್ತು ಚೀಲ ಹೊಲಿದಳು. ಮರಳು ಸೋರದಂತೆ ಪ್ರತಿ ಅಂಚಿಗೂ ಎರಡೆರಡು ಸಾಲು ಹೊಲಿಗೆ. ಕೊಡುವಾಗ ಮುಖದ ಒಂದು ಗೆರೆಯೂ ಅಲುಗದಂತೆ, "ಹತ್ತು ಸಾಕಾ ಭಾವ? ಅಧಿಕಾರಿ ಜಿಪುಣ ಆಗಿದ್ರೆ?" ಎಂದಳು. ಭಾವ ಯೋಚಿಸಿ ಇನ್ನೂ ಎರಡು ಕೇಳಿದರು.

ಹನ್ನೆರಡು ಮೂಟೆಗಳನ್ನು ಕಾರಿನಿಂದ ಜೆಟ್ಟಿಯ ತುದಿಯವರೆಗೆ ಭಾವ ತಾವೇ ಹೊತ್ತರು. ಅವಳು ದೋಣಿಯ ಅಂಚಿನಲ್ಲಿ ಕೂತು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಯುತ್ತಾ, ಆರು, ಏಳು, ಎಂದು ಎಣಿಸಿಕೊಟ್ಟಳು. ಒಂಬತ್ತನೆಯದಕ್ಕೆ ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಹನ್ನೊಂದನೆಯದಕ್ಕೆ ಅವಳಿಗೆ ಸ್ವಲ್ಪ ಪಾಪ ಅನ್ನಿಸಿ ನೀರಿನ ಬಾಟಲಿ ಚಾಚಿದಳು. ಹನ್ನೆರಡನೆಯದನ್ನು ಇಳಿಸಿ ಸೊಂಟ ಹಿಡಿದುಕೊಂಡ ಭಾವ, "ಈಗ ಅಳೆಯಲಿ," ಎಂದಾಗ ಆ ಪಾಪ ಹೊರಟುಹೋಯಿತು.

ಅಳತೆಯವರು ಬೆಳಿಗ್ಗೆ ಹತ್ತಕ್ಕೆ ಬಂದರು. ಕಡ್ಡಿಯಂಥ ಮನುಷ್ಯ, ಕಂಕುಳಲ್ಲಿ ಫೈಲು, ಕೈಯಲ್ಲಿ ಟೇಪು. ದೋಣಿಗೆ ಹತ್ತಲಿಲ್ಲ. ಜೆಟ್ಟಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ದೋಣಿಯ ಪಕ್ಕೆಯನ್ನೇ ನೋಡಿದರು. ನೀರು ಎಲ್ಲಿಯವರೆಗೆ ಬರಬೇಕೆಂದು ಅಲ್ಲೊಂದು ಕೆಂಪು ಗೆರೆ ಬಳಿದಿತ್ತು. ಮುಂಭಾಗದಲ್ಲಿ ಆ ಗೆರೆ ನೀರಿನೊಳಗೆ ಮುಳುಗಿ ಕಾಣೆಯಾಗಿತ್ತು.

"ನಿಮ್ಮ ದೋಣಿಗೆ ನೀರು ನುಗ್ತಾ ಇದೆ," ಎಂದರು ಅವರು. "ಮೂಗು ಮುಳುಗಿದೆ. ಹೀಗಿರೋವಾಗ ನಾನು ಏನನ್ನೂ ಅಳೆಯಲ್ಲ. ಮೊದಲು ಮೇಲಕ್ಕೆ ಎತ್ತಿಸಿ, ತೂತು ಎಲ್ಲಿದೆ ನೋಡ್ಬೇಕು."

ಭಾವ ತೂತು ಇಲ್ಲ ಎಂದರು. ಹಾಗಾದರೆ ಯಾಕೆ ಮುಳುಗಿದೆ ಎಂದು ಅವರು ಕೇಳಿದರು. ಭಾವ ಗಾಳಿಯ ಕಡೆ ತೋರಿಸಿದರು, ಅಲೆಯ ಕಡೆ ತೋರಿಸಿದರು, ಕೊನೆಗೆ ನಾದಿನಿಯ ಕಡೆ ನೋಡಿದರು. ಅವಳು ಹಗ್ಗದ ಗಂಟಿನಲ್ಲಿ ಮುಳುಗಿದ್ದಳು. ಅಳತೆಯವರು ಎದ್ದು ನೇರ ಒಳಗಿಳಿದು ತಳದ ಹಲಗೆಯನ್ನು ಕಿತ್ತೆತ್ತಿದರು. ಕೆಳಗೆ, ಮೂಗಿನ ಕಡೆಗೇ ಒತ್ತಾಗಿ, ನೀಲಿ ಪಟ್ಟೆಯ ಮೂಟೆಗಳು ಸಾಲಾಗಿ ಮಲಗಿದ್ದವು.

ಭಾವ ಇರುವುದನ್ನು ಇದ್ದ ಹಾಗೆ ಹೇಳಿದರು. ಅಳತೆಯವರ ಗಲ್ಲ ಅದುರಿತು, ಆದರೆ ನಗಲಿಲ್ಲ.

"ಸ್ವಾಮಿ, ನೀವು ಮುನ್ನೂರು ಕೆಜಿ ಹಾಕಿದ್ರಿ, ದೋಣಿ ಇನ್ನೂ ಮುನ್ನೂರು ಕೆಜಿ ನೀರು ತಳ್ಳಿ ಕೆಳಗಿಳೀತು. ಏರಿದ್ದು ಡಿಸ್‌ಪ್ಲೇಸ್‌ಮೆಂಟು. ನನಗೆ ಬೇಕಾಗಿರೋದು ಉದ್ದ, ಅಗಲ, ಆಳ. ಮರಳಲ್ಲ, ಬಂಗಾರ ತುಂಬಿದ್ರೂ ನನ್ನ ಟೇಪು ಒಂದು ನೂಲು ಜಾಸ್ತಿ ತೋರಿಸಲ್ಲ." ಅವರು ಒಂದು ಮೂಟೆಯನ್ನು ತಿರುಗಿಸಿ ನೋಡಿದರು. "ಹೊಲಿಗೆ ಮಾತ್ರ ಚೆನ್ನಾಗಿದೆ. ಯಾರು ಹಾಕಿದ್ದು?"

ಭಾವ ನಿಧಾನವಾಗಿ ನಾದಿನಿಯ ಕಡೆ ತಿರುಗಿದರು. ಹತ್ತಿಯ ಚೀಲ, ಚಿಂದಿಯ ಚೀಲ, 'ಹತ್ತು ಸಾಕಾ ಭಾವ' ಎಲ್ಲವೂ ಒಂದೊಂದಾಗಿ ಅವರ ಕಣ್ಣಿನೊಳಗೆ ಹಾದುಹೋಗುವುದು ಅವಳಿಗೆ ಕಾಣಿಸಿತು.

"ಗೊತ್ತಿದ್ದೂ ಹೊಲಿದುಕೊಟ್ಯಾ?"

"ಮೂರು ಸಲ ಹೇಳೋಕೆ ಬಂದೆ ಭಾವ."

"ಕೊನೇ ಎರಡು ಮೂಟೆ?"

ಅವಳ ಕಿವಿ ಬಿಸಿಯಾಯಿತು. ತಗ್ಗಿ ಒಂದು ಮೂಟೆಯ ತುದಿ ಹಿಡಿದಳು. ಭಾವ ಇನ್ನೊಂದು ತುದಿ ಹಿಡಿದರು. ಹನ್ನೆರಡನ್ನೂ ಇಬ್ಬರೇ ಜೆಟ್ಟಿಗೆ ಏರಿಸಿದರು. ಭಾವನ ಸೊಂಟ ಹಿಡಿದುಕೊಂಡಿದ್ದರಿಂದ ಭಾರವೆಲ್ಲ ಅವಳ ಕಡೆಗೇ ವಾಲುತ್ತಿತ್ತು. ಅವರು ಬೇಕೆಂದೇ ವಾಲಿಸುತ್ತಿದ್ದಾರೋ ಏನೋ ಎಂಬ ಗುಮಾನಿ ಅವಳಿಗೆ ಬಂತು, ಆದರೆ ಕೇಳುವ ಮುಖ ಇರಲಿಲ್ಲ.

ಅಷ್ಟರಲ್ಲಿ ಅಳತೆಯವರು ಒಳಗೆ ಟೇಪು ಹಿಡಿದು ಏನೋ ಲೆಕ್ಕ ಹಾಕುತ್ತಾ, ಹಳೆಯ ಕಾಗದ ನೋಡುತ್ತಾ, ಮತ್ತೆ ಅಳೆಯುತ್ತಾ ಇದ್ದರು. ಉದ್ದ ಸರಿ. ಅಗಲ ಸರಿ. ಆಳ ಮಾತ್ರ ಕಾಗದಕ್ಕಿಂತ ಮೂರು ಇಂಚು ಹೆಚ್ಚು. ಹಿಂದೆ ಅಳೆದವರು ಕಾಲಿಡುವ ಹಲಗೆಯವರೆಗೆ ಮಾತ್ರ ಟೇಪು ಇಳಿಸಿದ್ದರು. ಹಲಗೆ ಎತ್ತುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಅಳೆಯಬೇಕಾದದ್ದು ಅದರ ಕೆಳಗಿನ ನಿಜವಾದ ತಳದವರೆಗೆ. ಅವರು ಮೊಣಕಾಲ ಮೇಲೆ ಕಾಗದ ಇಟ್ಟು ಗುಣಿಸಿದರು, ಭಾಗಿಸಿದರು, ಇನ್ನೊಮ್ಮೆ ಗುಣಿಸಿದರು.

"ಐದು ಪಾಯಿಂಟ್ ಒಂದು," ಎಂದರು. "ದೊಡ್ಡ ಪುಸ್ತಕ."

ಭಾವ ಮೂಟೆಯ ಮೇಲೆ ಕೂತವರು ಹಾಗೇ ಎದ್ದು ನಿಂತರು. ಸೊಂಟ ತಾನಾಗಿ ನೆಟ್ಟಗಾಯಿತು. ಮರಳು ಹಾಕದಿದ್ದರೆ ಮೂಗು ಮುಳುಗುತ್ತಿರಲಿಲ್ಲ, ಮೂಗು ಮುಳುಗದಿದ್ದರೆ ಹಲಗೆ ಎತ್ತುತ್ತಿರಲಿಲ್ಲ, ಹಲಗೆ ಎತ್ತದಿದ್ದರೆ ಮೂರು ಇಂಚು ಸಿಗುತ್ತಿರಲಿಲ್ಲ ಎಂದು ಅಳತೆಯವರಿಗೆ, ಪಕ್ಕದ ದೋಣಿಯಲ್ಲಿ ಬಣ್ಣ ಬಳಿಯುತ್ತಿದ್ದವನಿಗೆ, ಸಂಜೆ ಗೆಳೆಯರಿಗೆ, ಮನೆಯಲ್ಲಿ ಅಕ್ಕನಿಗೆ ಒಂದೇ ಉಸಿರಿನಲ್ಲಿ ಹೇಳಿದರು. ಅಲ್ಲಗಳೆಯೋಣವೆಂದರೆ ಅದು ಅಕ್ಷರಶಃ ನಿಜ. ಅವಳು ಎರಡು ದಿನ ಅಂಗಡಿಯಲ್ಲಿ ಅದರಲ್ಲಿ ತಪ್ಪು ಹುಡುಕಿ ಸೋತಳು.

ಆದರೆ ಒಂದು ಬದಲಾವಣೆ ಆಯಿತು. ಪ್ರಮಾಣಪತ್ರ ತರಲು ಹೋದಾಗ ಭಾವ ಗುಮಾಸ್ತೆಯ ಮುಂದೆ ನಿಂತು, ಅವಳು ಅಂದು ಹೇಳಿದ್ದೇ ಸರಿ, ತನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡರು. ಮೂವತ್ತೈದು ವರ್ಷದಲ್ಲಿ ಯಾವ ಲಾರಿಯವನಿಗೂ ಅವರು ಹಾಗೆ ಹೇಳಿದ್ದಿಲ್ಲ. ಪಕ್ಕದಲ್ಲಿದ್ದ ನಾದಿನಿಗೆ ಆ ಕ್ಷಣ ಭಾವನ ಮೇಲೆ ಮೆಚ್ಚುಗೆ ಉಕ್ಕಿತು, ಆ ಕಾರಣಕ್ಕೇ 'ಮಹಾಗಜ' ಎಂಬ ಹೆಸರಿಗೂ ತುಟಿ ಬಿಗಿಹಿಡಿದು ಒಪ್ಪಿದಳು.

ಮೊದಲ ಸಲ ಹಾಯಿ ಏರಿಸಿದ ದಿನ ಅಕ್ಕನೂ ಬಂದಿದ್ದಳು. ಗಾಳಿ ಹದವಾಗಿತ್ತು. ಕಲಿಸಲು ಬಂದಿದ್ದ ಹಲ್ಲಿನ ಡಾಕ್ಟರು ಕೂತಲ್ಲಿಂದಲೇ ಬೆರಳು ಮಾಡಿ ತೋರಿಸುತ್ತಿದ್ದರು, ಅವಳು ಚುಕ್ಕಾಣಿ ಹಿಡಿದಿದ್ದಳು. ದೋಣಿ ಒಂದು ಪಕ್ಕಕ್ಕೆ ಓರೆಯಾಗಿ, ನೀರನ್ನು ಸೀಳಿಕೊಂಡು ಹೊರಟಿತು. ಭಾವ ಅಂಚಿಗೆ ಎದೆಯಾನಿಸಿ ನೀರನ್ನೇ ನೋಡುತ್ತಿದ್ದರು. ಅವರು ಇಷ್ಟು ಹೊತ್ತು ಮಾತಿಲ್ಲದೆ ಕೂತದ್ದನ್ನು ಅಕ್ಕ ಮದುವೆಯಾದಂದಿನಿಂದ ಕಂಡಿರಲಿಲ್ಲ.

"ಅಲ್ಲಾ," ಎಂದರು ಭಾವ ಕೊನೆಗೆ, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ, "ಮೂರು ಪಾಯಿಂಟ್ ನಾಲ್ಕು ಟನ್ ನೀರನ್ನ ನಾವು ತಳ್ಳಿದೀವಿ ಅಲ್ವಾ? ಅದು ಎಲ್ಲಿಗೆ ಹೋಗುತ್ತೆ?"

ಈ ಪ್ರಶ್ನೆಯನ್ನು ಅವಳು ಯೋಚಿಸಿಯೇ ಇರಲಿಲ್ಲ. ಚುಕ್ಕಾಣಿ ಹಿಡಿದುಕೊಂಡೇ ಒಂದು ನಿಮಿಷ ಯೋಚಿಸಿದಳು.

"ಆಚೆ ದಡಕ್ಕೆ ಹೋಗಿರುತ್ತೆ ಭಾವ. ಅಲ್ಲಿ ಕೂತಿರೋರ ಕಾಲು ಸ್ವಲ್ಪ ಒದ್ದೆ ಆಗಿರ್ಬೇಕು."

ಭಾವ ತಲೆಯಾಡಿಸಿ, ಡಾಕ್ಟರ ದುರ್ಬೀನು ಇಸಿದುಕೊಂಡು, ಬಹಳ ಹೊತ್ತು ಆಚೆ ದಡವನ್ನೇ ನೋಡಿದರು. ಅಕ್ಕ ನಗು ಮುಚ್ಚಿಕೊಳ್ಳಲು ಬಗ್ಗಿ, ಗೋಜಲಾಗಿರದ ಹಗ್ಗದ ಗೋಜಲು ಬಿಡಿಸತೊಡಗಿದಳು.