ಗಾಜಿಗೆ ವಿಮೆ, ಆಳಿಗೆ ಕುರಿ

ದೌಲೆತ್ ಬಿದ್ದ ಜಾಗದ ಮೇಲೆ ಮರಳು ಸುರಿದಿದ್ದರು. ಅದರಲ್ಲಿ ಅರ್ಧವನ್ನು ಗಾಳಿ ಆಗಲೇ ಹೊತ್ತುಕೊಂಡು ಹೋಗಿತ್ತು. ಗಡಿಯ ಕಣಿವೆಯಿಂದ ನುಗ್ಗುವ ಗಾಳಿ ಅದು. ಮುಕ್ತ ವ್ಯಾಪಾರ ವಲಯದ ಬೇಲಿಯನ್ನಾಗಲಿ, ಗೇಟಿನ ಕಾವಲುಗಾರನನ್ನಾಗಲಿ ಕೇಳಿ ಬರುವಂಥದ್ದಲ್ಲ. ಹೊಸ ಮಳಿಗೆಯ ನಾಲ್ಕನೆಯ ಅಂತಸ್ತಿನವರೆಗೆ ಆಳುಗಳು ನಿಂತು ಕೆಲಸ ಮಾಡಲು ನಿಲ್ಲಿಸಿದ್ದ ಕಬ್ಬಿಣದ ಸಾರುವೆ ಕಿರುಗುಟ್ಟುತ್ತಲೇ ಇತ್ತು. ಅದನ್ನು ಗೋಡೆಗೆ ಬಿಗಿಯುವ ಕೊಕ್ಕೆಗಳನ್ನು ಯಾರೂ ಹಾಕಿಸಿರಲಿಲ್ಲ.

ಆಳುಗಳ ತಂಡಕ್ಕೆ ಹಿರಿಯನಾದ ಅಸಿಲ್‌ಬೆಕ್ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದ. ಅಲ್ಲಿಂದ ಬಿದ್ದ ದೌಲೆತ್ ಅವನ ಅಳಿಯ. ಜಿಲ್ಲಾಸ್ಪತ್ರೆಯಲ್ಲಿ ಮಲಗಿದ್ದಾನೆ. ಸೊಂಟದ ಕೆಳಗೆ ಚಿವುಟಿದರೂ ಅವನಿಗೆ ತಿಳಿಯುತ್ತಿಲ್ಲ.

ಬೆಳಿಗ್ಗೆ ಗುತ್ತಿಗೆದಾರ ಎರ್ಮೆಕ್ ಜೀಪಿನಲ್ಲಿ ಕುರಿ ಹಾಕಿಕೊಂಡು ಬಂದ.

"ಹಿರಿಯರೇ, ಈ ನೆಲ ಯಾಕೋ ರಕ್ತ ಕೇಳ್ತಿದೆ. ಕುರೀದು ಕೊಟ್ಟುಬಿಡೋಣ. ಊಟ ಮುಗಿಸಿ ಮಧ್ಯಾಹ್ನ ಗಾಜು ಏರಿಸೋಣ."

"ಕೊಕ್ಕೆ?"

"ತೂತು ಹಾಕಿದ್ರೆ ಗೋಡೆ ಅಂದ ಕೆಡುತ್ತೆ ಅಂತಾರೆ ಮಾಲೀಕರು. ಹಿಮ ಬೀಳೋದ್ರೊಳಗೆ ಮುಗೀಲಿಲ್ಲ ಅಂದ್ರೆ ದಂಡ ಕಟ್ಟೋನು ನಾನು."

ಅಡುಗೆಯ ರೈಖಾನ್ ಬಕೆಟ್ ಕೆಳಗಿಟ್ಟಳು. "ಸಾಹೇಬ್ರೇ, ಗಾಜು ಒಡೆದ್ರೆ?"

"ಅದಕ್ಕೆ ವಿಮೆ ಇದೆಯಮ್ಮ."

"ಡಾಲರ್ ಏರಿದ್ರೆ?"

"ಅದೂ ಕರಾರಿನಲ್ಲೇ ಇದೆ. ಇಷ್ಟು ದೊಡ್ಡ ಕೆಲಸದಲ್ಲಿ ಎಲ್ಲಾ ಅಪಾಯಕ್ಕೂ ಮೊದಲೇ ದಾರಿ ಮಾಡ್ಕೊಂಡಿರ್ತೀವಿ."

"ಆಳು ಬಿದ್ರೆ?"

ಎರ್ಮೆಕ್ ಕನ್ನಡಕ ಒರೆಸಿಕೊಂಡ.

"ಓ, ಅದಕ್ಕೇ ಕುರಿ," ಎಂದಳು ರೈಖಾನ್. ಒಂದಿಬ್ಬರು ನಕ್ಕರು. ಆದರೂ ಕುರಿ ಹಿಡಿಯಲು ಎದ್ದರು. ಮಾಂಸ ಕಂಡು ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ಎಲ್ಲರೂ ಗೋದಾಮಿನೊಳಗೆ ಬಟ್ಟೆ ಹಾಸಿ ಕೂತರು. ಬೇಯಿಸಿದ ಕುರಿತಲೆಯ ತಟ್ಟೆಯನ್ನು ಎರ್ಮೆಕ್ ತಾನೇ ಎರಡೂ ಕೈಯಲ್ಲಿ ಎತ್ತಿ ಅಸಿಲ್‌ಬೆಕ್‌ನ ಮುಂದಿಟ್ಟ. ತಲೆ ಹಿರಿಯನಿಗೆ ಸಲ್ಲುವ ಮರ್ಯಾದೆ. ತೆಗೆದುಕೊಂಡವನು ಅಂಗೈ ಬಿಚ್ಚಿ ಹರಸಬೇಕು, ಉಳಿದವರು ಆಮೀನ್ ಎಂದು ಮುಖ ಸವರಿಕೊಳ್ಳಬೇಕು. ಹಿರಿಯ ಹರಸಿದ ಕೆಲಸಕ್ಕೆ ಆಮೇಲೆ ಒಲ್ಲೆ ಎನ್ನುವ ಬಾಯಿ ಯಾರಿಗೂ ಇರುವುದಿಲ್ಲ. ಎರ್ಮೆಕ್ ಕೂಡ ಇದೇ ಸೀಮೆಯಲ್ಲಿ ಹುಟ್ಟಿದವನು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಸಿಲ್‌ಬೆಕ್ ತಟ್ಟೆ ಮುಟ್ಟಲಿಲ್ಲ. ಹರಸದಿದ್ದರೆ ಇಷ್ಟು ಜನರ ಮನೆಯ ಒಲೆ ಆರೀತು. ಹರಸಿದರೆ ಇವತ್ತು ಸಂಜೆಯೊಳಗೆ ಇವರಲ್ಲಿ ಯಾರು ಬಿದ್ದು, ಯಾರ ಮನೆಯದು ಆರೀತು? ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಲ್ಲರೂ ಮಾಂಸವನ್ನೇ ನೋಡುತ್ತಿದ್ದರು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಕೈ ಎತ್ತಿ ಹಿರಿಯರೇ, ಆರಿಹೋಗುತ್ತೆ," ಎಂದ ಎರ್ಮೆಕ್.

"ಏನಂತ ಹರಸಲಿ?"

"ಇನ್ನು ಯಾರೂ ಬೀಳದೇ ಇರಲಿ ಅಂತ."

"ಅದಕ್ಕೆ ಕೊಕ್ಕೆ ಸಾಕಲ್ಲಪ್ಪ. ದೇವರಿಗ್ಯಾಕೆ ತೊಂದರೆ ಕೊಡ್ತೀಯ?"

ರೈಖಾನ್ ನಗು ತಡೆಯಲು, ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಎರ್ಮೆಕ್‌ನ ದನಿ ಗಡುಸಾಯಿತು.

"ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ತಲೆ ಇಟ್ಟೆ. ಬೇಡ ಅಂದ್ರೆ ಹೇಳಿ, ನಾಳೆ ಬೇರೆ ತಂಡ ಬರುತ್ತೆ. ಗಡಿ ಊರಲ್ಲಿ ಆಳಿಗೆ ಬರವಾ?"

ಅಸಿಲ್‌ಬೆಕ್ ಮುಂದಕ್ಕೆ ಬಾಗಿದ. ತಟ್ಟೆಯನ್ನು ಮೆಲ್ಲಗೆ ತಿರುಗಿಸಿ, ಬಟ್ಟೆಯ ಮೇಲೆ ತಳ್ಳಿ ಎರ್ಮೆಕ್‌ನ ಮುಂದಕ್ಕಿಟ್ಟ.

"ಇವತ್ತು ನೀನೇ ಹರಸಪ್ಪ. ಹರಸಿ, ನೀನೇ ಮೊದಲು ಸಾರುವೆ ಹತ್ತು. ನಿನ್ನ ಹಿಂದೆ ನಾನು ಬರ್ತೀನಿ."

ಹೊರಗೆ ಸಾರುವೆ ಕಿರುಗುಟ್ಟಿತು. ಎರ್ಮೆಕ್ ಸುತ್ತ ನೋಡಿ, ಅಂಗೈ ಬಿಚ್ಚಿ, ಗಡಿಬಿಡಿಯಲ್ಲಿ ಏನೋ ಗೊಣಗಿ, ಆಮೀನ್ ಎಂದು ಮುಖ ಸವರಿಕೊಂಡ.

ಅವನೊಬ್ಬನೇ. ಮಿಕ್ಕವರ ಕೈಗಳು ಮೊಣಕಾಲ ಮೇಲೆಯೇ ಇದ್ದವು. ನಡುವೆ ಮಾಂಸದ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಹಸಿದವರು ಅದನ್ನು ನೋಡುತ್ತ ಕೂತೇ ಇದ್ದರು.