ಹೇಸರಗತ್ತೆಯ ಒದೆ

ನಮ್ಮ ಮನೆಯ ಕೋವಿಗೆ ಹೇಸರಗತ್ತೆ ಎಂದು ಹೆಸರಿಟ್ಟವರು ನನ್ನ ಅತ್ತೆ. ಅವರು ತೀರಿಕೊಂಡು ಆರು ವರ್ಷವಾಯಿತು, ಹೆಸರು ಉಳಿದಿದೆ. ಅದರ ತೋಟಾದ ಅಳತೆ ಥರ್ಟಿ-ಆಟ್-ಸಿಕ್ಸ್. ದೊಡ್ಡ ಪ್ರಾಣಿ ಬೀಳಿಸುವುದಕ್ಕೆ ಅದರಷ್ಟು ನಂಬಿಕಸ್ಥ ಕೋವಿ ಇನ್ನೊಂದಿಲ್ಲ. ಹಾರಿಸಿದವರನ್ನು ಬೀಳಿಸುವುದಕ್ಕೂ ಇಲ್ಲ. ನನ್ನ ಬಲ ಹುಬ್ಬಿನ ಮೇಲೆ ಒಂದು ಸಣ್ಣ ಅರ್ಧಚಂದ್ರವಿದೆ. ಮದುವೆಯಾದ ವರ್ಷ ಅದು ಒದ್ದ ರಭಸಕ್ಕೆ ಅದರ ಮೇಲಿನ ದುರ್ಬೀನು ಹಿಂದೆ ಬಂದು ಒತ್ತಿದ ಮುದ್ರೆ. ಮೊಂಟಾನಾದ ನಮ್ಮ ಮೂಲೆಯಲ್ಲಿ ಇಂಥ ಚಂದ್ರನಿರುವವಳು ನಾನೊಬ್ಬಳೇ ಅಲ್ಲ. ಚರ್ಚಿನಲ್ಲಿ ಹೆಂಗಸರು ಸಾಲಾಗಿ ಕೂತರೆ ಹುಣ್ಣಿಮೆಯೊಂದು ಬಿಟ್ಟು ಮಿಕ್ಕ ತಿಥಿಗಳೆಲ್ಲ ಸಿಗುತ್ತವೆ.

ಹೋದ ನವೆಂಬರಿನಲ್ಲಿ ನಾನು ಒಂದು ಜಿಂಕೆಯನ್ನು ಗಾಯ ಮಾಡಿ ಕಳೆದುಕೊಂಡೆ. ಕಣಿವೆಯಾಚೆ ನಿಂತಿತ್ತು, ಇನ್ನೂರು ಗಜ ದೂರ. ಹೇಸರಗತ್ತೆ ಒದೆಯಿತು, ನನಗೆ ಆಕಾಶ ಕಂಡಿತು. ಕಣ್ಣು ಇಳಿಸುವಷ್ಟರಲ್ಲಿ ಜಿಂಕೆ ಬಿದ್ದಲ್ಲಿಂದ ಎದ್ದು ಓಡುತ್ತಿತ್ತು. ನಾನೂ ಮಾವ ಆರ್ವಿಡ್ ಅವರೂ ಎರಡು ದಿನ ಹುಡುಕಿದೆವು. ಒಂದಷ್ಟು ಕೂದಲು, ನಾಲ್ಕು ಹನಿ ರಕ್ತ, ಆಮೇಲೆ ಏನೂ ಇಲ್ಲ. ಅದು ಎಲ್ಲಿ ಮಲಗಿ ಹೇಗೆ ಸತ್ತಿತೋ ಎಂದು ಚಳಿಗಾಲವಿಡೀ ನೆನೆಯುತ್ತಿದ್ದೆ. ಖಂಡಿತ ಎನ್ನುವಂತೆ ಹೊಡೆಯುವುದು ಕೈಲಾಗದಿದ್ದರೆ ಇನ್ನು ಹೊಡೆಯುವುದೇ ಇಲ್ಲ ಎಂದು ಆಗಲೇ ನಿಶ್ಚಯಿಸಿದ್ದೆ.

ಈ ಸಲ ಬೇಟೆ ಶುರುವಾಗಲು ಒಂಬತ್ತು ದಿನ ಇರುವಾಗ, ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದಾಗ ಹೇಳಿಬಿಟ್ಟೆ.

"ಈ ವರ್ಷ ನಾನು ಹೇಸರಗತ್ತೆ ಮುಟ್ಟಲ್ಲ. ಮನೇಲಿ ಎಲ್ಲರ ಭುಜಕ್ಕೂ ಒಗ್ಗೋ ಅಂಥ ಬೇರೆ ಕೋವಿ ಬೇಕು. ಒದೆ ಕಮ್ಮಿ ಇರಬೇಕು, ಹೊತ್ತು ಗುಡ್ಡ ಹತ್ತೋಕೂ ಹಗುರ ಇರಬೇಕು. ಸಿಗಲಿಲ್ವಾ, ನನ್ನ ಪರವಾನಗಿ ಚೀಟಿ ಒಲೆಗೆ."

ಗಂಡ ಗ್ಲೆನ್ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಹಚ್ಚುತ್ತಲೇ ಇದ್ದ. ಅಪ್ಪನ ಮುಂದೆ ಅವನಿಗೆ ಯಾವಾಗಲೂ ಬೆಣ್ಣೆ ಹಚ್ಚುವ ಕೆಲಸ ಜಾಸ್ತಿ.

"ಅಮ್ಮ ಹೋಗಲ್ಲಾಂದ್ರೆ ನಾನೂ ಹೋಗಲ್ಲ," ಎಂದಳು ಮಗಳು ಬ್ರಿಟ್ಟಾ. ಅವಳಿಗೆ ಹನ್ನೆರಡು ತುಂಬಿ, ಬೇಟೆಯ ಪಾಠ ಮುಗಿಸಿ, ಇದು ಮೊದಲನೇ ವರ್ಷ.

ಮಾವ ಕಾಫಿ ಲೋಟ ಕೆಳಗಿಟ್ಟರು. ಎಪ್ಪತ್ತನಾಲ್ಕು ವರ್ಷ, ಬೇಲಿಯ ಗೂಟದಂಥ ಆಳು. "ಕೊರೀನಮ್ಮ, ಐವತ್ತು ವರ್ಷದಿಂದ ಈ ಮನೆಗೆ ಮಾಂಸ ತಂದಿರೋದು ಅದೇ ಕತ್ತೆ. ಒದೆ ಅಂತೆ ಒದೆ! ನಾನು ದಿನಾ ಒದೆಸ್ಕೋತೀನಿ, ಸತ್ತಿದೀನಾ? ಹಗುರ ಬೇಕಂತೆ, ಒದೀಬಾರದಂತೆ. ಹಗುರಾದಷ್ಟೂ ಜಾಸ್ತಿ ಒದಿಯುತ್ತೆ ಕಣಮ್ಮ. ಹೊಟ್ಟೆ ತುಂಬಾ ತಿನ್ನಬೇಕು, ತಟ್ಟೆಯೂ ತುಂಬಿರಬೇಕು ಅಂದ ಹಾಗಾಯ್ತು."

"ಅದಕ್ಕೇ ಮಾವ, ತೋಟಾ ಸಣ್ಣದಾಗಬೇಕು. ಅಳತೆಯಲ್ಲೇ ಇರೋದು ಗುಟ್ಟು."

"ಇಲಿ ಹೊಡೆಯೋಕಾ?"

"ಇಲಿಯಾದ್ರೂ ಸರಿ, ಹೊಡೆದಲ್ಲೇ ಬೀಳಲಿ."

ಮಾವ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅವರು ಕಾಫಿ ಬಿಡುವುದು ಅಪರೂಪ. ನಾನು ಗೆದ್ದೆ ಅಂದುಕೊಂಡೆ.

ಅವತ್ತೇ ಮಧ್ಯಾಹ್ನ ಹೇಜಲ್ ಮನೆಗೆ ಹೋದೆ. ಹೇಜಲ್ ನಮ್ಮ ಬೇಲಿಯಾಚೆಯ ಕುರಿ ಸಾಕುವವಳು, ವಿಧವೆ. ನನ್ನ ಹೆಗಲೆತ್ತರಕ್ಕೂ ಬರುವುದಿಲ್ಲ, ಆದರೆ ಅವಳು ಹೊಡೆದದ್ದು ತಪ್ಪಿತು ಎಂದವರನ್ನು ನಾನು ಕಂಡಿಲ್ಲ. ಅಂಗಳದಲ್ಲೇ ಕುರಿಯೊಂದರ ಗೊರಸು ಕತ್ತರಿಸುತ್ತ ಕೂತಿದ್ದಳು.

"ಬಂದ್ಯಾ? ಮುದುಕ ಕೂಗಾಡಿದನಾ?"

"ನಿನಗೆ ಹೇಗೆ ಗೊತ್ತು?"

"ಗಾಳಿ ಈ ಕಡೆಗಿತ್ತು," ಎಂದು ನಕ್ಕಳು. ನಾನು ವಿಷಯವೆಲ್ಲ ಹೇಳಿದೆ. ಅವಳು ಕುರಿಯನ್ನು ಬಿಡದೆ ಕೇಳಿದಳು. "ಆ ಜಿಂಕೆ ಬಿದ್ದ ಜಾಗದಲ್ಲಿ ಕೂದಲು ಸಿಕ್ಕಿತ್ತು ಅಂದ್ಯಲ್ಲ, ಯಾವ ಬಣ್ಣ?"

"ಬೂದು. ಉದ್ದಕ್ಕಿತ್ತು. ತುದಿ ಕಪ್ಪು."

"ಬೆನ್ನಿನ ಕೂದಲು. ಅಂದ್ರೆ ಗುಂಡು ಮೇಲಕ್ಕೆ ಹೋಗಿದೆ," ಎಂದಳು. ಕತ್ತರಿ ಕೆಳಗಿಟ್ಟಳು. "ಒದೆಗೆ ಹೆದರಿ ಟ್ರಿಗರ್ ಕಿತ್ತವರ ಗುಂಡು ಸಾಮಾನ್ಯವಾಗಿ ನೆಲಕ್ಕೆ ಹೋಗುತ್ತೆ ಕಣೇ, ಆಕಾಶಕ್ಕಲ್ಲ."

"ನಾನು ಎಲ್ಲದರಲ್ಲೂ ಉಲ್ಟಾ."

"ಇರಬಹುದು," ಎಂದು ಕೈ ಒರೆಸಿಕೊಂಡು ಒಳಗೆ ಹೋಗಿ ಎರಡು ಕೋವಿ ತಂದಳು. "ಇದರ ಅಳತೆ ಇನ್ನೂರ ನಲವತ್ತಮೂರು. ಬೆಕ್ಕಿನ ಹಾಗೆ ಒರಗುತ್ತೆ. ಜಿಂಕೆಗೆ ಸಾಕು. ಆದರೆ ಎಲ್ಕ್ ಬಂತು ಅನ್ನು, ಗೂಳಿ ಗಾತ್ರದ ಪ್ರಾಣಿ, ಆಗ ಇದು ಸಾಕಾ ಅಂತ ಮನಸ್ಸು ಕೇಳುತ್ತೆ. ಮನಸ್ಸು ಕೇಳ್ತಾ ಇರುವಾಗ ಹೊಡೀಬಾರದು. ಇದು ಏಳು-ಸೊನ್ನೆ-ಎಂಟು. ಇದರ ಗುಂಡು ಅದಕ್ಕಿಂತ ತೂಕ, ಹೇಸರಗತ್ತೆಗಿಂತ ಮದ್ದು ಕಮ್ಮಿ. ಭುಜ ತಟ್ಟುತ್ತೆ, ಹೊಡೆಯಲ್ಲ. ಆರು ಪೌಂಡು ಅಷ್ಟೇ ತೂಕ. ಎರಡನ್ನೂ ಎಲ್ಲರ ಕೈಲೂ ಹೊಡೆಸು. ಬಾಯಿ ಏನು ಹೇಳುತ್ತೋ ಬಿಡು, ಕಾಗದ ಏನು ಹೇಳುತ್ತೋ ನೋಡು. ಮತ್ತೆ ಆ ಕತ್ತೆಯನ್ನೂ ಸಾಲಲ್ಲಿ ನಿಲ್ಲಿಸು. ಇಲ್ಲಾಂದ್ರೆ ಮುದುಕ ಮೋಸ ಅಂತಾನೆ."

ಭಾನುವಾರ ಚರ್ಚು ಮುಗಿಸಿ ಎಲ್ಲರೂ ಜಲ್ಲಿ ಗುಂಡಿಗೆ ಹೋದೆವು. ಮೂರು ಕಡೆ ಮಣ್ಣಿನ ಗೋಡೆ, ಗುಂಡು ಹೊರಗೆ ಹೋಗುವುದಿಲ್ಲ. ನೂರು ಗಜಕ್ಕೆ ಹಲಗೆ ನೆಟ್ಟು, ಊಟದ ಕಾಗದದ ತಟ್ಟೆಗಳನ್ನು ಮೊಳೆ ಹೊಡೆದು ನಿಲ್ಲಿಸಿದೆ. ನಡುವೆ ಒಂದೊಂದು ಕಪ್ಪು ಚುಕ್ಕೆ. ಮುಂದೆ ಮರಳು ಚೀಲ ಹಾಕಿದ ಹಳೇ ಮೇಜು. ಒಬ್ಬೊಬ್ಬರಿಗೂ ಒಂದೊಂದು ಕೋವಿಯಲ್ಲಿ ಮೂರು ಗುಂಡು.

ಬ್ರಿಟ್ಟಾ ಮೊದಲು ಕೂತಳು. ಇನ್ನೂರ ನಲವತ್ತಮೂರರಲ್ಲಿ ಮೂರೂ ತಟ್ಟೆಯ ನಡುವೆಯೇ. ಏಳು-ಸೊನ್ನೆ-ಎಂಟು ಹಾರಿಸಿ, ತಲೆಯೆತ್ತಿ, "ಇಷ್ಟೇನಾ?" ಎಂದಳು. ಅದೂ ನಡುವೆಯೇ. ಗ್ಲೆನ್ ಎರಡರಲ್ಲೂ ಚೆನ್ನಾಗಿ ಹೊಡೆದ. ನಾನು ಕೂತೆ. ಹಲ್ಲು ಕಚ್ಚಿದ್ದೆ. ಏಳು-ಸೊನ್ನೆ-ಎಂಟರಲ್ಲಿ ಮೊದಲನೇ ಗುಂಡು ಹೋದಾಗ ಹಲ್ಲು ಕಚ್ಚಿದ್ದು ದಂಡವಾಯಿತು ಅನಿಸಿತು. ಮೂರು ತೂತನ್ನೂ ಒಂದು ಬಿಸ್ಕತ್ತು ಮುಚ್ಚುವಂತಿತ್ತು.

"ಹೆದರಿಕೆ ಇಲ್ಲದಿದ್ರೆ ಎಲ್ಲರೂ ಶೂರರೇ," ಎಂದರು ಮಾವ. "ಈಗ ಗಂಡಸರ ಕೋವಿ ತಗೊಳ್ಳಿ."

"ತಗೊಳ್ಳೋಣ," ಎಂದೆ. "ಮೊದಲು ನಾನೇ."

ಮನೆಯ ಡ್ರಾಯರಿನಲ್ಲಿದ್ದ ಅಂಗಡಿಯ ತೋಟಾಗಳನ್ನು ತಂದಿದ್ದೆ. ನಮಗೆಲ್ಲ ಅವೇ. ಮಾವನದು ಬೇರೆ. ನೆಲಮಾಳಿಗೆಯಲ್ಲಿ ತಾವೇ ಮದ್ದು ತೂಗಿ, ಗುಂಡು ಕೂರಿಸಿ ತಯಾರಿಸಿದವು, ಒಂದು ಹಳೇ ತಂಬಾಕಿನ ಡಬ್ಬಿಯಲ್ಲಿರುತ್ತವೆ. ಆ ಡಬ್ಬಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಹಾಗೆಯೇ ಪ್ರತಿ ಅಕ್ಟೋಬರ್ ಒಬ್ಬರೇ ಈ ಗುಂಡಿಗೆ ಬಂದು ಹೇಸರಗತ್ತೆಯ ದುರ್ಬೀನು ಸರಿಮಾಡಿಕೊಂಡು ಹೋಗುವುದೂ ಅವರ ಪದ್ಧತಿ. ಗುರಿ ಸರಿಮಾಡೋದು ಒಂದು ಕೈಯ ಕೆಲಸ ಎನ್ನುತ್ತಿದ್ದರು.

ನಾನು ಮೂರು ಹೊಡೆದೆ. ಭುಜ ಉರಿಯಿತು, ಕಣ್ಣಲ್ಲಿ ನೀರು ಬಂತು, ಆದರೆ ಒಂದೊಂದು ಸಲವೂ ಟ್ರಿಗರನ್ನು ಮೆಲ್ಲಗೆ, ಕರು ಹಾಲು ಎಳೆದ ಹಾಗೆ ಎಳೆದಿದ್ದೆ. ಅದು ನನಗೆ ಗೊತ್ತು. ಹೋಗಿ ನೋಡಿದರೆ ಮೂರು ತೂತೂ ಅಕ್ಕಪಕ್ಕ, ಚುಕ್ಕೆಗಿಂತ ನಾಲ್ಕು ಬೆರಳು ಮೇಲೆ.

"ನೋಡಿದ್ಯಾ," ಎಂದರು ಮಾವ. ಆದರೆ ದನಿಯಲ್ಲಿ ಅಣಕವಿರಲಿಲ್ಲ. ತಟ್ಟೆಯ ಹತ್ತಿರಕ್ಕೂ ಬರಲಿಲ್ಲ.

"ಹೆದರಿದವರ ಮೂರು ಗುಂಡು ಹೀಗೆ ಒಂದೇ ಕಡೆ ಕೂರುತ್ತಾ ಮಾವ? ಚದುರಬೇಕಲ್ಲ?"

ಮೇಜಿನ ಮೇಲೆ ಅವರ ಡಬ್ಬಿ ತೆರೆದಿತ್ತು. ನಾನು ಕೈ ಹಾಕಿ ಮೂರು ತೋಟಾ ತೆಗೆದೆ.

"ಏಯ್, ಅದು ನಂದು!"

"ಗೊತ್ತು," ಎಂದು ಕೂತೆ.

ಮೊದಲನೆಯದು ಹಾರಿತು. ಹೇಸರಗತ್ತೆ ನನ್ನ ಭುಜಕ್ಕೆ ಮೂತಿ ತಿಕ್ಕಿತು, ಅಷ್ಟೇ. ನಾನು ಗಾಬರಿಯಾಗಿ ಕೋವಿಯನ್ನೇ ನೋಡಿದೆ. ಎರಡನೆಯದು, ಮೂರನೆಯದು, ಹಾಗೆಯೇ. ಬ್ರಿಟ್ಟಾ ಓಡಿಹೋಗಿ ತಟ್ಟೆ ಕಿತ್ತು ತಂದಳು. ಮೇಲೆ ಮೂರು ತೂತು, ಅಂಗಡಿಯವು. ಸರಿಯಾಗಿ ಚುಕ್ಕೆಯೊಳಗೆ ಮೂರು, ಡಬ್ಬಿಯವು.

"ಅಜ್ಜ, ನಿಮ್ಮ ತೋಟಾದಲ್ಲಿ ಮದ್ದೇ ಇಲ್ವಾ?" ಎಂದಳು.

ಗ್ಲೆನ್ ಅಪ್ಪನನ್ನು ನೋಡಿದ. ಮಾವ ನೆಲದಲ್ಲಿ ಬಿದ್ದಿದ್ದ ಒಂದು ಮರಳು ಚೀಲದ ಮೇಲೆ ಕೂತರು.

"ಹುಲ್ಲಿನ ಗಾಡಿಯಿಂದ ಬಿದ್ದೆನಲ್ಲ, ನಾಲ್ಕು ವರ್ಷದ ಹಿಂದೆ," ಎಂದರು. "ಭುಜ ಆಮೇಲೆ ಸರಿಹೋಗಲೇ ಇಲ್ಲ. ಪೂರ್ತಿ ಮದ್ದು ಹಾಕಿದ್ರೆ ಎರಡು ದಿನ ಕೈ ಎತ್ತೋಕಾಗಲ್ಲ. ಕಮ್ಮಿ ಮಾಡಿದೆ. ಮೊದಲ ಮೂರು ವರ್ಷ ಆ ಕೋವೀಲಿ ಹೊಡೆದವನು ನಾನೊಬ್ಬನೇ. ಗ್ಲೆನ್ ಬಿಲ್ಲು ಹಿಡಿದು ಹೋಗ್ತಿದ್ದ, ನೀನು ಮನೇಲಿದ್ದೆ. ಯಾರಿಗೆ ಏನು ತೊಂದರೆ ಅಂದ್ಕೊಂಡೆ."

"ದುರ್ಬೀನು ನಿಮ್ಮ ಕಮ್ಮಿ ಮದ್ದಿನ ತೋಟಾಕ್ಕೆ ಸರಿಮಾಡಿದ್ರಿ. ನನ್ನ ಕೈಗೆ ಪೂರ್ತಿ ಮದ್ದಿನ ಅಂಗಡಿ ತೋಟಾ ಕೊಟ್ರಿ, ಗುಂಡು ಮೇಲಕ್ಕೆ ಹೋಯ್ತು."

"ಕೊಟ್ಟೆ. ಆವತ್ತು ನೆನಪಾಗಲಿಲ್ಲ. ದೇವರಾಣೆಗೂ ಆಗಲಿಲ್ಲ."

"ಯಾವಾಗ ನೆನಪಾಯ್ತು?"

ಅವರು ಟೋಪಿ ತೆಗೆದು ಅದರೊಳಗೆ ನೋಡಿದರು. "ಕೂದಲು ಕೈಗೆ ತಗೊಂಡಾಗ."

ಅಂದರೆ ಮೊದಲನೇ ದಿನ, ಮೊದಲ ಹತ್ತು ನಿಮಿಷದಲ್ಲಿ. ಆಮೇಲೆ ಎರಡು ದಿನ ನನ್ನ ಪಕ್ಕದಲ್ಲಿ ನಡೆದರು. ಆಮೇಲೆ ಒಂದು ವರ್ಷ ನನ್ನೆದುರಿಗೆ ಕೂತು ಉಂಡರು. ಕೋವಿಯ ತೋಟಾ ಮನೆ ತೆರೆದು, ಖಾಲಿ ಇದೆಯೆಂದು ನೋಡಿ, ಮೇಜಿನ ಮೇಲಿಟ್ಟೆ. ಕೋಪ ಬಂದಾಗ ಮೊದಲು ಕೋವಿ ಕೆಳಗಿಡಬೇಕು ಎಂದು ಕಲಿಸಿದವರೂ ಅವರೇ.

"ನಾನು ಹೆದರುಪುಕ್ಕಲಿ ಅಂತ ನಾನೇ ನಂಬಿಬಿಟ್ಟಿದ್ದೆ ಮಾವ."

"ನನ್ನ ಭುಜ ಹೋಯ್ತು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ ಕಣಮ್ಮ. ನೀನಲ್ಲ ಹೆದರಿದ್ದು."

ಗ್ಲೆನ್ ಏನೋ ಹೇಳಲು ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಕ್ಷಮಿಸುವ ಮಾತು ಆಗ ನನ್ನಲ್ಲಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಶನಿವಾರಕ್ಕೆ ಆರೇ ದಿನವಿತ್ತು, ಕೆಲಸ ಬಾಕಿಯಿತ್ತು.

"ಕೇಳಿ ಎಲ್ಲರೂ," ಎಂದೆ. "ಮನೆಗೆ ಇನ್ನು ಏಳು-ಸೊನ್ನೆ-ಎಂಟು. ಇನ್ನೂರ ನಲವತ್ತಮೂರು ಬ್ರಿಟ್ಟಾಗೆ ಸಾಕು, ಆದರೆ ಎಲ್ಕ್ ಬಂದರೆ ಗ್ಲೆನ್‌ಗೆ ಸಾಕಾಗಲ್ಲ. ನಾಲ್ಕು ಜನರಿಗೂ ಒಂದೇ ಕೋವಿ. ಒಂದೇ ಬಗೆಯ ತೋಟಾ, ಒಂದೇ ಡ್ರಾಯರು. ಗುರಿ ಸರಿಮಾಡೋವಾಗ ನಾಲ್ಕು ಜನರೂ ಇರಬೇಕು. ಡಬ್ಬಿ ಗಿಬ್ಬಿ ಇಲ್ಲ."

"ನಾಲ್ಕು ಜನ ಅಂದ್ಯಾ?" ಎಂದರು ಮಾವ.

"ಏಳಿ. ನೀವಿನ್ನೂ ಅದರಲ್ಲಿ ಹೊಡೆದಿಲ್ಲ."

ಅವರು ಬಂದು ಕೂತರು. ಮೊದಲನೆಯದಕ್ಕೆ ಕಣ್ಣು ಗಟ್ಟಿ ಮುಚ್ಚಿದ್ದನ್ನು ನಾವೆಲ್ಲ ನೋಡಿದೆವು. "ಅಜ್ಜ, ಕಣ್ಣು!" ಎಂದಳು ಬ್ರಿಟ್ಟಾ. ಎರಡನೆಯದಕ್ಕೆ ಅರ್ಧ ಮುಚ್ಚಿದರು. ಮೂರನೆಯದಕ್ಕೆ ಮುಚ್ಚಲಿಲ್ಲ.

"ಹ್ಞೂಂ. ಇಲಿ ಹೊಡೆಯೋಕೆ ಪರವಾಗಿಲ್ಲ," ಎಂದರು.

ಬುಧವಾರ ಪಟ್ಟಣದಿಂದ ಅದೇ ಅಳತೆಯ ಹಗುರಾದ ಕೋವಿ ತಂದೆವು. ತೋಟಾ ಮಾವನೇ ಮಾಡಿದರು, ಆ ಕೈಗೆ ಸಾಟಿಯಿಲ್ಲ. ನಾನು ಪಕ್ಕದಲ್ಲಿ ನಿಂತು ಒಂದೊಂದರ ಮದ್ದಿನ ತೂಕವನ್ನೂ ಗಟ್ಟಿಯಾಗಿ ಓದಿಸಿದೆ. ಮರುದಿನ ನಾಲ್ವರೂ ಜಲ್ಲಿ ಗುಂಡಿಯಲ್ಲಿ ನಿಂತು ಗುರಿ ಸರಿಮಾಡಿದೆವು.

ಶನಿವಾರ ಬೆಳಿಗ್ಗೆ ನಾನೂ ಮಾವನೂ ಅದೇ ಕಣಿವೆಗೆ ಹೋದೆವು. ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದವಳು ನಾನು. ಹಿಮ ತೆಳ್ಳಗೆ ಬಿದ್ದಿತ್ತು. ಒಂಬತ್ತರ ಹೊತ್ತಿಗೆ ಎದುರು ದಿಣ್ಣೆಯಲ್ಲಿ ಒಂದು ಗಂಡು ಜಿಂಕೆ ಅಡ್ಡಲಾಗಿ ನಿಂತಿತು. ದೂರ ಹೆಚ್ಚುಕಮ್ಮಿ ಅಷ್ಟೇ. ಮೊಣಕೈ ಊರಿ ಮಲಗಿದೆ. ಉಸಿರು ಬಿಟ್ಟೆ. ಖಂಡಿತವಾ ಎಂದು ಮನಸ್ಸನ್ನು ಕೇಳಿದೆ. ಖಂಡಿತ ಎಂದಿತು.

ಕೋವಿ ಭುಜ ತಟ್ಟಿತು. ಆಕಾಶ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ, ನಾನು ಹೊಡೆದದ್ದು ದುರ್ಬೀನಿನಲ್ಲಿ ನನಗೇ ಕಂಡಿತು: ಮುಂಗಾಲಿನ ಹಿಂದೆ ಕೂದಲು ಒಮ್ಮೆ ಅದುರಿತು, ಜಿಂಕೆ ಎರಡು ಹೆಜ್ಜೆ ಇಟ್ಟು ಮಡಚಿಕೊಂಡು ಬಿತ್ತು. ಏಳಲಿಲ್ಲ.

ಹತ್ತಿರ ಹೋದಾಗ ಮಾವ ನನಗಿಂತ ಮೊದಲು ಮಂಡಿಯೂರಿ ಗಾಯ ನೋಡಿದರು. ಹಿಮದ ಮೇಲಿಂದ ನಾಲ್ಕು ಕೂದಲು ಎತ್ತಿ, ಬೆಳಕಿಗೆ ಹಿಡಿದು, ನನ್ನ ಅಂಗೈಗೆ ಹಾಕಿದರು. ಕಂದು, ಗಿಡ್ಡ. ಪಕ್ಕೆಯವು.

"ಗುರಿ ಇಟ್ಟಲ್ಲೇ ಹೋಗಿದೆ," ಎಂದರು. "ಹೋದ ವರ್ಷವೂ ನೀನು ಗುರಿ ಸರಿಯಾಗೇ ಇಟ್ಟಿದ್ದೆ ಕೊರೀನಮ್ಮ. ಗುಂಡು ಹೋಗಿದ್ದು ಮಾತ್ರ ನಾನು ಕಳಿಸಿದಲ್ಲಿಗೆ. ಇದನ್ನ ಚರ್ಚಿನಲ್ಲಿ, ಎಲ್ಲರೂ ಕಾಫಿ ಕುಡಿಯೋವಾಗ ನಾನೇ ಹೇಳ್ತೀನಿ."

"ನಾಳೇನೇ ಹೇಳಿ," ಎಂದೆ. ಚಾಕು ತೆಗೆದು ತೋಳು ಮಡಚಿದೆ. "ಈಗ ಆ ಒಳ್ಳೇ ಕೈಯಲ್ಲಿ ಹಿಂಗಾಲು ಎತ್ತಿ ಹಿಡೀರಿ. ಬಿಸಿ ಆರೋಕೆ ಮುಂಚೆ ಕೆಲಸ ಮುಗಿಸೋಣ. ಮಧ್ಯಾಹ್ನಕ್ಕೆ ಕೋವಿ ಬ್ರಿಟ್ಟಾಗೆ ಬೇಕು."